ಬ್ರೇಕ್ ಒತ್ತಿದರೆ ನಡುಗುವ ಕಾರು, ನಮ್ಮತ್ತೆಯ ಉಳಿದೊಂದು ಕಣ್ಣು

ಕೆಲವರ ಬೆನ್ನಿಗೆ ಶನಿ ಬೀಳುತ್ತಾನೆ, ಕೆಲವರ ಬೆನ್ನಿಗೆ ನೆಂಟರು. ನನ್ನ ಬೆನ್ನಿಗೆ ಬೀಳುವುದು ಮಾತ್ರ ಯಾವಾಗಲೂ ಹಳೇ ವಾಹನಗಳು. ಮೊದಲು ಹೊರಡದ ಸ್ಕೂಟರು ಬಂತು, ಆಮೇಲೆ ನಿಲ್ಲದ ಮೊಪೆಡ್ಡು ಬಂತು, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಈ ಕಾರು ಬಂತು. ಆಗ ನಾನು ಶಿವಮೊಗ್ಗದಲ್ಲಿ ಪಂಪ್‌ಸೆಟ್ ಮಾರುತ್ತಿದ್ದೆ. ಯಂತ್ರದ ವಿಷಯದಲ್ಲಿ ನನ್ನಷ್ಟು ತಿಳಿದವರು ತುಂಗೆಯ ಈ ದಡದಲ್ಲಿ ಯಾರೂ ಇರಲಿಲ್ಲ. ಆ ದಡದ ಬಗ್ಗೆ ನಾನು ವಿಚಾರಿಸಿಲ್ಲ.

ಕಾರು ಯಾಕೆ ಬೇಕಾಯಿತು ಅಂದರೆ, ನಮ್ಮತ್ತೆಯ ಕಣ್ಣಿಗಾಗಿ. ಅತ್ತೆ ಭದ್ರಾವತಿಯಲ್ಲಿ ಮಗನ ಜೊತೆ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದರು. ಎಡಗಣ್ಣಿಗೆ ಪೊರೆ ಬಂದಾಗ ಶಿವಮೊಗ್ಗದಲ್ಲಿ ಆಪರೇಷನ್ ಮಾಡಿಸಿ ಬಸ್ಸಿನಲ್ಲಿ ಕರೆತಂದಿದ್ದರು. ದಾರಿಯುದ್ದಕ್ಕೂ ಬಸ್ಸು ಎತ್ತಿ ಎತ್ತಿ ಕುಕ್ಕಿತ್ತು. ಅದಕ್ಕೋ, ಇನ್ನು ಯಾತಕ್ಕೋ, ಆ ಕಣ್ಣು ಹೋಯಿತು. ಈಗ ಬಲಗಣ್ಣಿಗೂ ಪೊರೆ. "ಇರೋ ಮಬ್ಬಾದ್ರೂ ಇರಲಿ ಬಿಡಿ. ಅದೂ ಹೋದ್ರೆ ಗೋಡೆ ಸವರ್ಕೊಂಡು ಓಡಾಡ್ಬೇಕಾಗುತ್ತೆ" ಅಂತ ಅತ್ತೆ ಪಟ್ಟು ಹಿಡಿದು ಕೂತರು. ಮೊದಲು ಅಕ್ಕಿ ಆರಿಸೋದು ಬಿಟ್ಟರು, ಆಮೇಲೆ ಹೂ ಕಟ್ಟೋದು ಬಿಟ್ಟರು, ಕೊನೆಗೆ ಮಾತಾಡೋದನ್ನೇ ಬಿಟ್ಟರು. ಅತ್ತೆ ಮಾತು ಬಿಟ್ಟರೆ ಅಳಿಯನಿಗೆ ಅದಕ್ಕಿಂತ ಹಬ್ಬ ಬೇಕೇ? ಆದರೂ ಆ ಮನೆಗೆ ಹೋದಾಗಲೆಲ್ಲ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ: "ಬಸ್ಸು ಯಾಕತ್ತೆ? ನಾನು ಕಾರು ತಗೋತೀನಿ. ಹೋಗೋವಾಗ ಬರೋವಾಗ ಮೊಸರಿನ ಗಡಿಗೆ ಥರ ತರ್ತೀನಿ."

ಅತ್ತೆ ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿ, "ಅಳಿಯಂದ್ರ ಕಾರಾದ್ರೆ ಆಗಲಿ" ಅಂದರು. ಮಾತು ಆಡಿ ಆಗಿತ್ತು. ಕಾರೊಂದು ಬಾಕಿ.

ಸೂತಕದ ಕಾರು

ರವೀಂದ್ರನಗರದ ಒಂದು ಮನೆಯಲ್ಲಿ ಹಳೇ ಕಾರೊಂದಿದೆ ಅಂತ ತಿಳಿಯಿತು. ಯಜಮಾನರು ತೀರಿಕೊಂಡು ವರ್ಷವಾಗಿತ್ತು. ವರ್ಷದ ತಿಥಿ ಮುಗಿಯೋವರೆಗೂ ಕಾರು ಮಾರಬಾರದು ಅಂತ ಅವರ ಹೆಂಡತಿ ಕಾದಿದ್ದರು. "ಸಂಜೆ ತಂದು ನಿಲ್ಲಿಸಿದ್ರು. ಬೆಳಿಗ್ಗೆ ಏಳಲೇ ಇಲ್ಲ. ಅವರು ಹೆಂಗೆ ನಿಲ್ಲಿಸಿದ್ರೋ ಹಂಗೇ ಇದೆ, ಯಾರೂ ಮುಟ್ಟಿಲ್ಲ" ಅಂತ ಹೇಳಿ, ಸೆರಗಿನಿಂದ ಬಾನೆಟ್ಟಿನ ಧೂಳು ಒರೆಸಿದರು. ಒರೆಸುತ್ತಾ ಅತ್ತರು. ನನ್ನ ಹೆಂಡತಿಯೂ ಜೊತೆಗೆ ಅತ್ತಳು. ನಾನು ಕಾರಿನ ಟೈರು ಒದ್ದು ನೋಡಬೇಕು ಅಂತಿದ್ದವನು, ಆ ಪರಿಸ್ಥಿತಿಯಲ್ಲಿ ಅದಕ್ಕೆ ಕೈ ಮುಗಿದೆ.

ಎಂಜಿನ್ ನೋಡಲಿಲ್ಲ, ಓಡಿಸಿ ನೋಡಲಿಲ್ಲ, ಚೌಕಾಸಿಯಂತೂ ಇಲ್ಲವೇ ಇಲ್ಲ. ಕಚ್ಚಿಕೊಂಡಿದ್ದ ಹ್ಯಾಂಡ್‌ಬ್ರೇಕನ್ನು ಸುತ್ತಿಗೆಯಲ್ಲಿ ಬಡಿದು ಬಿಡಿಸಿ, ತಲೆ ತಗ್ಗಿಸಿಕೊಂಡು ವಿನೋಬನಗರದ ನಮ್ಮ ಮನೆಗೆ ಬಂದೆವು. ಹೊಸ ಕಾರಿಗೆ ಆರತಿ ಎತ್ತುತ್ತಾಳೆ ಅಂತ ನಾನು ಗೇಟಿನಲ್ಲೇ ಕಾಯುತ್ತಾ ನಿಂತಿದ್ದರೆ, ನನ್ನ ಹೆಂಡತಿ ಯಾರನ್ನೂ ಮುಟ್ಟದೆ ಹಿತ್ತಲಿನಿಂದ ಹೋಗಿ ನೇರ ಸ್ನಾನ ಮಾಡಿದಳು.

ಹಿಂದಿನ ಸೀಟಿನಲ್ಲಿ ಯಾರು?

ಕಾರು ಚೆನ್ನಾಗಿಯೇ ಓಡುತ್ತಿತ್ತು. ಬ್ರೇಕ್ ಒತ್ತಿದರೆ ಮಾತ್ರ ನಡುಕ. ಸಕ್ರೆಬೈಲು ಬಿಡಾರದ ಆನೆ ಹೊಳೆಯಿಂದ ಎದ್ದು ಮೈ ಕೊಡವಿದ ಹಾಗೆ, ಸೀಟು, ಬಾಗಿಲು, ನಮ್ಮ ಹಲ್ಲು, ಎಲ್ಲಾ ಒಟ್ಟಿಗೆ ಗಡಗಡ. ಬ್ರೇಕಿನಿಂದ ಕಾಲು ತೆಗೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ತೆಪ್ಪಗಾಗುತ್ತಿತ್ತು.

"ನೋಡ್ರೀ, ಯಾರೋ ಹಿಂದೆ ಕೂತು ಸೀಟು ಹಿಡಿದು ಅಲ್ಲಾಡಿಸಿದ ಹಂಗಿದೆ" ಅಂದಳು ಹೆಂಡತಿ.

"ಹಿಂದೆ ಯಾರಿದಾರೆ?"

"ಅದೇ ನನ್ನ ಭಯ."

ಮಾರನೇ ದಿನವೇ ಪುರೋಹಿತರು ಬಂದರು. ಕುಂಬಳಕಾಯಿ ಒಡೆದರು, ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು ಕಾರು ಹತ್ತಿಸಿದೆವು, ಸತ್ತವರ ಹೆಸರಿನಲ್ಲೂ ಶಾಂತಿಯ ಮಂತ್ರ ಹೇಳಿದರು. "ಇನ್ನು ಯಾವ ಬಾಧೆಯೂ ಇಲ್ಲ" ಅಂತ ಅಪ್ಪಣೆ ಕೊಟ್ಟು, ಮನೆಗೆ ಬಿಟ್ಟು ಬನ್ನಿ ಅಂತ ಅದೇ ಕಾರು ಹತ್ತಿದರು. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಪುರೋಹಿತರು ಕೈಚೀಲ ಅವಚಿಕೊಂಡರು. ಎರಡನೇ ತಿರುವಿನಲ್ಲಿ ಒತ್ತಿದೆ. "ಇಲ್ಲೇ ಇಳೀತೀನಿ" ಅಂದರು.

"ಮನೆ ಇನ್ನೂ ದೂರ ಅಲ್ವಾ?"

"ಪರವಾಗಿಲ್ಲ. ಒಂದು ಮೃತ್ಯುಂಜಯ ಹೋಮ ಮಾಡಿಸೋದು ಒಳ್ಳೇದು."

"ಕಾರಿಗಾ?"

"ಅಲ್ಲ, ನನಗೆ."

ನಡುಗುತ್ತಿದ್ದದ್ದು ಯಾವುದು

ಮಂತ್ರಕ್ಕೆ ಬಗ್ಗದಿದ್ದ ಮೇಲೆ ಗ್ಯಾರೇಜೇ ಗತಿ. ಅಲ್ಲಿನ ಮೇಸ್ತ್ರಿಗೆ ನಾನೇ ರೋಗ ವಿವರಿಸಿದೆ. ಪಂಪ್‌ಸೆಟ್ ಶಬ್ದ ಕೇಳಿಯೇ ಬೇರಿಂಗ್ ಯಾವಾಗ ಸಾಯುತ್ತೆ ಅಂತ ಹೇಳುವವನು ನಾನು. "ಸ್ಟೀರಿಂಗ್ ನಡುಗ್ತಿದೆ. ಹಾಗಾಗಿ ಮುಂದಿನ ಚಕ್ರದ್ದೇ ತೊಂದರೆ. ಮುಂದಿನದು ಬಿಚ್ಚು ಮಾರಾಯ" ಅಂದೆ.

ಮೇಸ್ತ್ರಿ ಬಿಚ್ಚಿ ನೋಡಿದ, ಒರೆಸಿದ, ಮತ್ತೆ ಕೂರಿಸಿದ. ಕಾರು ನಡುಗಿತು. ಕೊನೆಗೆ ಪಕ್ಕದ ಸೀಟಿನಲ್ಲಿ ಕೂತು, "ಚಲಾಯ್ಸಿ ಸಾಬ್" ಅಂದ. ಖಾಲಿ ರಸ್ತೆಗೆ ಬಂದ ಮೇಲೆ, "ಈಗ ಮೆಲ್ಲಗೆ ಬ್ರೇಕ್ ಒತ್ತಿ. ಸ್ಟೀರಿಂಗ್ ಕೈ ಬಿಡಿ" ಅಂದ. ಬಿಟ್ಟೆ. ಕೆಳಗೆ ಸೀಟು ಕುಣಿಯುತ್ತಿತ್ತು, ಸ್ಟೀರಿಂಗ್ ಮಾತ್ರ ಅಲುಗದೆ ನಿಂತಿತ್ತು.

"ಈಗ ಹಿಡ್ಕೊಳ್ಳಿ."

ಹಿಡಿದೆ. ಸ್ಟೀರಿಂಗ್ ಗಡಗಡ ಅಂತು.

"ಸಾಬ್, ಸೀಟು ಅಲ್ಲಾಡಿದ್ರೆ ಹಿಂದಿನ ಚಕ್ರ. ಅದು ನೋಡೋಣ. ಸ್ಟೀರಿಂಗ್ ನಡುಗಿಸ್ತಿರೋದು ನೀವು. ಅದಕ್ಕೆ ನನ್ನ ಹತ್ರ ಸಾಮಾನಿಲ್ಲ."

ನಾನು ಆ ಗ್ಯಾರೇಜಿಗೆ ಮತ್ತೆ ಹೋಗಲಿಲ್ಲ. ಸ್ವಾಭಿಮಾನ ಅನ್ನೋದು ಒಂದಿರುತ್ತೆ.

ಚಿಮಣಿಯ ಎದುರಿನ ಪರಿಣತರು

ಅಲ್ಲಿಂದ ಕಾರು ಹೋದದ್ದು ಭದ್ರಾವತಿಗೆ, ನನ್ನ ಭಾವಮೈದನ ಮನೆ ಮುಂದಕ್ಕೆ. ಅವನಿಗೆ ಆಗಷ್ಟೇ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿಯಾಗಿತ್ತು. ಹೆಸರಿಗೆ ಸ್ವಯಂ. ಅವನನ್ನು ಕೇಳಿದವರು ಯಾರೂ ಇಲ್ಲ. ಅವನ ಜೊತೆಗೇ ಹೊರಬಂದವರೆಲ್ಲ ಬೆಳಿಗ್ಗೆ ಎದ್ದು, ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಒಂದು ಮೋಟುಗೋಡೆಯ ಮೇಲೆ ಕೂರುತ್ತಿದ್ದರು. ಎದುರಿಗೆ ಹೊಗೆ ಬಿಡದ ಚಿಮಣಿ. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ, ಯಾರೂ ಬೇರೆ ಕಡೆ ನೋಡುತ್ತಲೂ ಇರಲಿಲ್ಲ.

ಅಂಥವರ ಮುಂದೆ ಕೆಟ್ಟ ಕಾರು ತಂದು ನಿಲ್ಲಿಸಿದ್ದು, ಉಪವಾಸ ಇದ್ದವರ ಮುಂದೆ ಎಲೆ ಹಾಕಿದ ಹಾಗಾಯಿತು. ಗೋಡೆಯಿಂದ ಎಲ್ಲರೂ ಒಟ್ಟಿಗೆ ಧುಮುಕಿದರು.

ಎರಕದ ವಿಭಾಗದಲ್ಲಿದ್ದವರು ಚಕ್ರ ತಟ್ಟಿ, "ಎರಕದೊಳಗೆ ಗಾಳಿಗುಳ್ಳೆ ಕೂತಿದೆ" ಅಂದರು.

"ಏನೂ ಇಲ್ಲ, ಅಚ್ಚು ಬಗ್ಗಿದೆ" ಅಂದರು ಸರಳು ಎಳೆಯುವ ಮಿಲ್ಲಿನವರು.

ಕುಲುಮೆಯಲ್ಲಿದ್ದ ತಮಿಳು ಯಜಮಾನರು, "ಅಯ್ಯೋ ಸಾಮಿ, ಇದಕ್ಕೆ ಹೀಟ್ ಜಾಸ್ತಿ ಕೊಟ್ಟಿದಾರೆ" ಅಂತ ಕಣ್ಣು ಮುಚ್ಚಿದರು.

ಕ್ಯಾಂಟೀನಿನಲ್ಲಿದ್ದವರೊಬ್ಬರಿದ್ದರು. ಅವರೂ ಬಗ್ಗಿ ನೋಡಿ ಹೇಳಿದರು: "ಎಣ್ಣೆ ಸರಿಯಿಲ್ಲ."

ಬಿಚ್ಚಿದ್ದೇ ಬಿಚ್ಚಿದ್ದು. ಸಂಜೆ ಹೊತ್ತಿಗೆ ನಿಜ ಹೊರಬಿತ್ತು. ರವೀಂದ್ರನಗರದ ಆ ತೀರಿಕೊಂಡ ಯಜಮಾನರು ಕೊನೆಯ ಸಲ ಕಾರು ತಂದು ನಿಲ್ಲಿಸಿದಾಗ, ಚಕ್ರದೊಳಗೆ ಬ್ರೇಕ್ ಹಿಡಿಯುವ ಡ್ರಮ್ಮು ಬಿಸಿಯಿದ್ದಿರಬೇಕು. ಮೇಲೆ ಹ್ಯಾಂಡ್‌ಬ್ರೇಕ್ ಎಳೆದಿದ್ದಾರೆ. ಅದನ್ನು ಬಿಡಿಸೋಕೆ ಅವರು ಮತ್ತೆ ಬರಲಿಲ್ಲ. ವರ್ಷಪೂರ್ತಿ ಕಚ್ಚಿಕೊಂಡೇ ಇದ್ದು, ತುಕ್ಕು ಹಿಡಿದು, ಹಿಂದಿನ ಒಂದು ಡ್ರಮ್ಮು ದುಂಡಗಿದ್ದದ್ದು ಮೊಟ್ಟೆಯಾಗಿತ್ತು. ಎಲ್ಲರ ಕಣ್ಣೂ ಮತ್ತೆ ಚಿಮಣಿಯ ಕಡೆ ಹೋಯಿತು. ಹಾಗೆ ಎಳೆದಿಟ್ಟು ಹೊರಟುಬಿಡೋದು ಅಂದರೇನು ಅಂತ ಅವರಿಗೂ ಗೊತ್ತಿತ್ತು.

ಡ್ರಮ್ಮು ಆಗಲೇ ತೆಳ್ಳಗಾಗಿದ್ದರಿಂದ ಲೇತಿಗೆ ಕೊಟ್ಟು ಕೆತ್ತಿಸುವ ಹಾಗಿರಲಿಲ್ಲ. ಹೊಸದು ಬೆಂಗಳೂರಿನಿಂದ ಬರಬೇಕು. ಆದರೂ ಇಡೀ ದಿನದ ಚರ್ಚೆ ವ್ಯರ್ಥವಾಗಲಿಲ್ಲ. ಎಲ್ಲರೂ ಸೇರಿ ಒಂದೇ ತೀರ್ಮಾನಕ್ಕೆ ಬಂದರು: ತಪ್ಪು ತಮ್ಮ ಯಾರ ಡಿಪಾರ್ಟ್‌ಮೆಂಟಿನದೂ ಅಲ್ಲ.

ಬ್ರೇಕಿಲ್ಲದ ಮೆರವಣಿಗೆ

ಡ್ರಮ್ಮು ಬರುವ ಮೊದಲೇ ಆಪರೇಷನ್ ದಿನ ಬಂತು. ಶಿವಮೊಗ್ಗಕ್ಕೆ ಹೋಗುವಾಗ ನಡುಗಿದರೂ ನಡೆಯಿತು, ಕಣ್ಣು ಇನ್ನೂ ಮುಟ್ಟಿರಲಿಲ್ಲ. ಚಿಂತೆ ಇದ್ದದ್ದು ವಾಪಸು ಬರುವುದರದ್ದು. ಡಾಕ್ಟರು ಕಣ್ಣಿಗೆ ಪಟ್ಟಿ ಕಟ್ಟಿ, "ಕೆಮ್ಮಬಾರದು, ಬಗ್ಗಬಾರದು, ತಲೆ ಅಲುಗಬಾರದು. ಕಾರಿದೆ ತಾನೇ?" ಅಂತ ಕೇಳಿದರು. "ಇದೆ" ಅಂದೆ. ಹೇಗಿದೆ ಅಂತ ಅವರು ಕೇಳಲಿಲ್ಲ.

ಮದುವೆಯ ಕಾಲ, ಬಾಡಿಗೆ ಕಾರು ಒಂದೂ ಸಿಗಲಿಲ್ಲ. ನಮ್ಮನೆಯಲ್ಲೇ ಇರಿ ಅಂದರೆ ಅತ್ತೆ ಕೇಳಲಿಲ್ಲ. "ಅಳಿಯನ ಮನೇಲಿ ಕಣ್ಣು ಕಟ್ಕೊಂಡು ಬಿದ್ದಿರೋದಾ? ಮಗನ ಮನೆಗೇ ಹೋಗ್ತೀನಿ."

ಆಗ ನನ್ನ ತಲೆ ಕೆಲಸ ಮಾಡಿತು. ಇಂಥ ತಲೆ ಇನ್ನೊಬ್ಬರಿಗಿದ್ದಿದ್ದರೆ ಅವರು ಇಷ್ಟು ಹೊತ್ತಿಗೆ ಮಂತ್ರಿಯಾಗಿರುತ್ತಿದ್ದರು. ಬ್ರೇಕ್ ಒತ್ತಿದರೆ ತಾನೇ ನಡುಕ? ಒತ್ತದಿದ್ದರೆ? ಶಿವಮೊಗ್ಗದಿಂದ ಭದ್ರಾವತಿಯವರೆಗೆ ಬ್ರೇಕ್ ಮುಟ್ಟದೆ ಹೋಗುವುದು ಅಂತ ತೀರ್ಮಾನಿಸಿದೆ.

ಭಾವಮೈದ ಸ್ಕೂಟರಿನಲ್ಲಿ ಮುಂದೆ. ಒಂದು ಕೈಯಲ್ಲಿ ಬಿಳಿ ಟವೆಲ್ ಬೀಸುತ್ತಾ ದಾರಿ ಬಿಡಿಸುವುದು ಅವನ ಕೆಲಸ. ಹಿಂದೆ ನಾನು, ಒಂದನೇ ಗೇರು, ಹೆಚ್ಚೆಂದರೆ ಎರಡು. ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಒರಗಿಸಿ, ಧೂಳು ಬೀಳದಂತೆ ಮುಖದ ತುಂಬ ಬಿಳಿ ಬಟ್ಟೆ ಹೊದಿಸಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹೆಂಡತಿ ಅಳುತ್ತಾ ಕೂತಿದ್ದಳು.

ಮೊದಲ ಸರ್ಕಲ್ಲಿನಲ್ಲೇ ಎದುರಿಗೆ ಬಸ್ಸು. ನಿಲ್ಲುವ ಹಾಗಿಲ್ಲ, ಸರ್ಕಲ್ ಸುತ್ತಿದೆ. ಇನ್ನೂ ದಾರಿ ಖಾಲಿಯಾಗಿರಲಿಲ್ಲ, ಮತ್ತೆ ಸುತ್ತಿದೆ. ಪೊಲೀಸಿನವನು ಸೀಟಿ ಬಾಯಿಗೆ ತಂದವನು, ಕಾರಿನೊಳಗೆ ನೋಡಿ ಅದನ್ನು ಇಳಿಸಿ, ಎಲ್ಲಾ ಕಡೆಯ ವಾಹನಗಳನ್ನೂ ನಿಲ್ಲಿಸಿ ನಮಗೆ ಸೆಲ್ಯೂಟ್ ಹೊಡೆದ. ನನ್ನ ಚಾಲನೆ ಮೆಚ್ಚಿದ ಅಂದುಕೊಂಡೆ.

ಊರು ದಾಟಿದ ಮೇಲೂ ಅದೇ ಮರ್ಯಾದೆ. ಅಂಗಡಿಯವರು ಎದ್ದು ನಿಂತರು. ಮುದುಕರೊಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದರು. ಹಿಂದೆ ಲಾರಿ, ಬಸ್ಸು, ಎತ್ತಿನಗಾಡಿ ಸಾಲುಗಟ್ಟಿದ್ದವು. ಯಾರೂ ಹಾರ್ನ್ ಮಾಡಲಿಲ್ಲ, ಯಾರೂ ಮುಂದೆ ಹೋಗಲಿಲ್ಲ. ಕೊನೆಗೆ ಸೈಕಲ್ಲಿನವನೊಬ್ಬ ಕಿಟಕಿಯ ಪಕ್ಕಕ್ಕೆ ಬಂದು, ಧ್ವನಿ ತಗ್ಗಿಸಿ ಕೇಳಿದ: "ತೀರ್ಕೊಂಡಿದ್ದು ಯಾರಕ್ಕಾ?"

ಬಿಳಿ ಬಟ್ಟೆಯೊಳಗಿನಿಂದ ಅತ್ತೆಯೇ ಉತ್ತರ ಕೊಟ್ಟರು: "ಇನ್ನೂ ಯಾರೂ ಇಲ್ಲ ಕಣಪ್ಪ. ಅಳಿಯಂದ್ರು ಓಡಿಸ್ತಾ ಇದಾರೆ, ನೋಡೋಣ."

ಸೈಕಲ್ಲು ಮಾತ್ರ ಚರಂಡಿಯಲ್ಲಿ ಕಂಡಿತು. ಸವಾರ ಎಲ್ಲಿಗೆ ಓಡಿದನೋ ಗೊತ್ತಿಲ್ಲ.

ಮನೆ ಮುಂದೆ ನಿಲ್ಲಿಸೋದು ಹೇಗೆ ಅಂತ ನಾನು ಯೋಚಿಸಿರಲಿಲ್ಲ. ದೊಡ್ಡ ತಲೆಗಳು ಸಣ್ಣ ವಿಷಯ ಮರೆಯುತ್ತವೆ. ಆದರೆ ಭಾವಮೈದ ಮುಂದಾಗಿ ಹೋಗಿ ಕೂಗಿ ಹೇಳಿದ್ದ. ಮೋಟುಗೋಡೆಯವರೆಲ್ಲ ಬಂದು ಸಾಲಾಗಿ ನಿಂತಿದ್ದರು. ನಾನು ಎಂಜಿನ್ ಆರಿಸಿದೆ. ಎರಕ, ಕುಲುಮೆ, ಮಿಲ್ಲು, ಕ್ಯಾಂಟೀನು, ಎಲ್ಲ ವಿಭಾಗವೂ ಬಾನೆಟ್ಟಿಗೆ ಕೈ ಕೊಟ್ಟು, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹಾಕುತ್ತಾ, ತೊಟ್ಟಿಲು ನಿಲ್ಲಿಸಿದ ಹಾಗೆ ಕಾರು ನಿಲ್ಲಿಸಿತು. ಕುಲುಮೆಯ ಯಜಮಾನರು ಬೆವರು ಒರೆಸಿಕೊಂಡು, "ಬಹಳ ದಿನ ಆಗಿತ್ತು ಸಾಮಿ, ಕೈ ಬಿಸಿಯಾಗಿ" ಅಂದರು.

ಪಟ್ಟಿ ಬಿಚ್ಚಿದ ದಿನ

ಆಮೇಲಿನ ದಿನಗಳ ಬಗ್ಗೆ ಹೇಳಿಕೊಳ್ಳುವಂಥದ್ದು ಏನಿಲ್ಲ. ಅತ್ತೆ ಅಂಗಾತ ಮಲಗಿದ್ದರು. ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ, ಎಲ್ಲಿ ಘಾಟಿಗೆ ಕೆಮ್ಮುತ್ತಾರೋ ಅಂತ. ಕಣ್ಣಿನ ವಿಷಯ ಯಾರೂ ಎತ್ತಲಿಲ್ಲ. ನನ್ನ ಹೆಂಡತಿ ಮಾತ್ರ ಆಗಾಗ ನನ್ನ ಮುಖ ನೋಡೋಳು. ಆ ಸರ್ಕಲ್ ಸುತ್ತುವಾಗ ಒಮ್ಮೆ, ಒಂದೇ ಒಂದು ಸಲ, ನನ್ನ ಕಾಲು ಬ್ರೇಕಿಗೆ ತಾಗಿತ್ತೇನೋ ಅನ್ನೋ ಅನುಮಾನ ನನ್ನನ್ನು ಹಗಲೆಲ್ಲ ತಿನ್ನುತ್ತಿತ್ತು.

ಡ್ರಮ್ಮು ಬಂದದ್ದೂ, ಡಾಕ್ಟರು ಮನೆಗೆ ಬಂದದ್ದೂ ಒಂದೇ ಬೆಳಿಗ್ಗೆ. ಹೊರಗೆ ನಿವೃತ್ತರು ಕಾರು ಬಿಚ್ಚುತ್ತಿದ್ದರು, ಒಳಗೆ ಡಾಕ್ಟರು ಪಟ್ಟಿ ಬಿಚ್ಚುತ್ತಿದ್ದರು. ಕೊನೆಯ ಹತ್ತಿ ತೆಗೆದಾಗ ಹೊರಗಿನ ಸುತ್ತಿಗೆಯೂ ನಿಂತಿತು.

ಅತ್ತೆ ಮೆಲ್ಲಗೆ ಕಣ್ಣು ಬಿಟ್ಟರು. ಮೊದಲು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಮಗನ ಮುಖ. "ಏನೋ, ಇಷ್ಟು ಇಳಿದುಹೋಗಿದೀಯ? ನಂಗೆ ಹೇಳಲೇ ಇಲ್ವಲ್ಲೋ" ಅಂದರು. ಅವನು ಗೋಡೆ ಕಡೆ ತಿರುಗಿದ. ಮಗಳ ಮುಂದಲೆಯ ಬಿಳಿ ಕೂದಲನ್ನು ಬೆರಳಿನಲ್ಲಿ ಹಿಡಿದು ನೋಡಿ, ಕಿವಿಯ ಹಿಂದಕ್ಕೆ ಸರಿಸಿದರು.

ಅಲ್ಲಿದ್ದವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಇನ್ನು ನನ್ನ ಸರದಿ ಅಂತ ನಾನು ಎದೆ ಉಬ್ಬಿಸಿ, ಬಾಗಿಲಿನ ಬೆಳಕಿಗೆ ಬಂದು ನಿಂತೆ. ಈ ಕಣ್ಣು ಉಳಿಸಿದವನು ಯಾರು ಅಂತ ಅವರು ಸರಿಯಾಗಿ ನೋಡಲಿ ಅಂತ. ಅತ್ತೆ ನೋಡಿದ್ದು ನನ್ನನ್ನಲ್ಲ. ನನ್ನ ಹೆಗಲ ಪಕ್ಕದಿಂದ ಅಂಗಳದ ಕಡೆ. ಅಲ್ಲಿ ಕಾರು ಹಿಂದಿನ ಚಕ್ರಗಳಿಲ್ಲದೆ ಇಟ್ಟಿಗೆಯ ಮೇಲೆ ಕೂತಿತ್ತು. ಒಂದು ಬಾಗಿಲಿಗೆ ಹಗ್ಗ ಕಟ್ಟಿತ್ತು. ಒಂದು ಕಡೆಯ ದೀಪ ಜೋತುಬಿದ್ದಿತ್ತು.

ಬಹಳ ಹೊತ್ತು ನೋಡಿ, ಅತ್ತೆ ಕೇಳಿದರು: "ಅಳಿಯಂದ್ರೆ, ನನ್ನ ಕರ್ಕೊಂಡು ಬಂದಿದ್ದು ಇದರಲ್ಲಾ?"

"ಹೌದತ್ತೆ!"

"ಅಯ್ಯೋ ಶಿವನೇ. ಕಣ್ಣು ಕಾಣ್ತಿದ್ದಿದ್ರೆ ನಾನು ಹತ್ತುತ್ತಲೇ ಇರ್ಲಿಲ್ಲ."