ಕೆಂಪಿಯ ಪಾಲಿನ ಬಾಳೆಹಣ್ಣು

ಕಪ್ಪಾದ ಬಾಳೆಹಣ್ಣಿನ ಮುಂದೆ ನಿಂತಾಗ ಮನುಷ್ಯನ ನಿಜವಾದ ಗುಣ ಹೊರಬೀಳುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಳದಿ ಹಣ್ಣನ್ನು ಯಾರು ಬೇಕಾದರೂ ಮೆಚ್ಚುತ್ತಾರೆ. ಸಿಪ್ಪೆಯ ಮೇಲೆ ಚುಕ್ಕೆ ಮೂಡಿ, ಚುಕ್ಕೆಗಳೆಲ್ಲ ಸೇರಿ ಮಚ್ಚೆಯಾಗಿ, ತೊಟ್ಟು ಹಿಡಿದರೆ ಹಣ್ಣು ಜಾರಿ ಕೆಳಗೆ ಬೀಳುವ ಹೊತ್ತಿಗೆ ಮನೆಮಂದಿಯೆಲ್ಲ ಬೇರೆ ಕಡೆ ಮುಖ ತಿರುಗಿಸಿರುತ್ತಾರೆ. ನಮ್ಮ ಹಿರಿಯೂರಿನಲ್ಲಿ ಯಾರ ಮನೆಗೂ ಬರಿಗೈಯಲ್ಲಿ ಹೋಗುವಂತಿಲ್ಲ, ಒಂದು ಚಿಪ್ಪು ಬಾಳೆಹಣ್ಣಾದರೂ ಬೇಕು. ಕಳೆದ ವರ್ಷ ನಾನು ಕೆಲಸದಿಂದ ನಿವೃತ್ತನಾದಾಗ ನೋಡಲು ಬರುವವರ ಸಾಲೇ ಹತ್ತಿತು. ನನಗೆ ಕಾಯಿಲೆ ಏನೂ ಇರಲಿಲ್ಲ. ನಿವೃತ್ತಿಯನ್ನೇ ಒಂದು ಕಾಯಿಲೆ ಎಂದು ತಿಳಿದು ಬಂದವರು ಅವರು. ನನ್ನನ್ನು ಕೂತುಕೊಳ್ಳಲು ಹೇಳಿ, ನೀರು ಚೆನ್ನಾಗಿ ಕುಡಿಯಲು ಹೇಳಿ, ಹಣ್ಣಿಟ್ಟು ಹೋದರು. ಮನೆಯ ಮೂಲೆಮೂಲೆಯಲ್ಲೂ ಬಾಳೆಹಣ್ಣು ಕಪ್ಪಾಗತೊಡಗಿತು.

ನನ್ನ ಹೆಂಡತಿ ಗಿರಿಜಾಗೆ ಇನ್ನೂ ನೌಕರಿಯಿದೆ. ಐಮಂಗಲದ ಕಡೆಯ ಶಾಲೆಯೊಂದರಲ್ಲಿ ಮೇಡಂ. ಬೆಳಿಗ್ಗೆ ಎಂಟೂವರೆಯ ಬಸ್ಸು ಹಿಡಿದು ಹೋದರೆ ಬರುವುದು ಸಂಜೆಗೆ. ಹಾಗಾಗಿ ಅಡುಗೆಮನೆ ತಾನಾಗಿಯೇ ನನ್ನ ಕೈಗೆ ಬಂತು. ಸಾರು, ಪಲ್ಯ, ಮುದ್ದೆ ಎಲ್ಲ ಒಂದು ತಿಂಗಳಲ್ಲಿ ಬೇಸರವಾಯಿತು. ಫೋನಿನಲ್ಲಿ ಯಾರೋ ಹೆಣ್ಣುಮಗಳು ಬನಾನಾ ಬ್ರೆಡ್ಡು ಮಾಡುವುದನ್ನು ನೋಡಿದಾಗ, ಇಷ್ಟು ಹಣ್ಣನ್ನು ದೇವರು ನನ್ನ ಮನೆಗೆ ಸುಮ್ಮನೆ ಕಳಿಸಿಲ್ಲ ಅನ್ನಿಸಿತು. ನಮ್ಮಲ್ಲಿ ಓವನ್ ಇಲ್ಲ. ಅದನ್ನೊಂದು ಕೊರತೆ ಎಂದುಕೊಳ್ಳುವವನು ನಾನಲ್ಲ. ಇಡ್ಲಿ ಪಾತ್ರೆಯ ತಳಕ್ಕೆ ಒಂದು ಪ್ಯಾಕೆಟ್ ಉಪ್ಪು ಸುರಿದು ಕಾಯಿಸಿದೆ. ಗೋಧಿಹಿಟ್ಟು, ಬೆಲ್ಲ, ಮೊಸರು, ಚಿಟಿಕೆ ಸೋಡಾ, ಕಿವುಚಿದ ಹಣ್ಣು ಎಲ್ಲ ಕಲಸಿದೆ. ಮಸಾಲೆಯ ವಿಷಯದಲ್ಲಿ ಮಾತ್ರ ಆ ಹೆಣ್ಣುಮಗಳು ತೀರಾ ಅಂಜುಬುರುಕಿ. ಚಿಟಿಕೆ ದಾಲ್ಚಿನ್ನಿಗೇ ಮುಗಿಸಿದ್ದಳು. ನಾನು ದಾಲ್ಚಿನ್ನಿಯ ಜೊತೆಗೆ ಏಲಕ್ಕಿ, ಒಣಶುಂಠಿ, ಲವಂಗ ಕುಟ್ಟಿ ಧಾರಾಳವಾಗಿ ಹಾಕಿ, ಹಿಟ್ಟನ್ನು ಸಣ್ಣ ಪಾತ್ರೆಗೆ ಸುರಿದು ಇಡ್ಲಿ ಪಾತ್ರೆಯೊಳಗಿಟ್ಟೆ. ಬೇಯುವಾಗ ಮನೆಯೆಲ್ಲ ಹಲ್ಲಿನ ಡಾಕ್ಟರ ಕೋಣೆಯ ಹಾಗೆ ಘಮಘಮಿಸಿತು. ಬ್ರೆಡ್ಡು ಉಬ್ಬಿ, ಮೇಲೆ ಕೆಂಪಗೆ ಬಿರಿದು, ಚಾಕು ಚುಚ್ಚಿದರೆ ಅಂಟದೆ ಬಂತು. ಅಂದಿನಿಂದ ವಾರಕ್ಕೊಮ್ಮೆ ಮಾಡುವುದೇ ಕಾಯಕವಾಯಿತು. ಕೈ ಕುದುರಿದೆ ಎಂದು ನಾನೇ ಹೇಳಿಕೊಳ್ಳಬೇಕಾಗಿ ಬಂದದ್ದು ಬೇರೆ ಮಾತು.

ಇಲ್ಲಿ ಒಂದು ಹಕ್ಕಿನ ಪ್ರಶ್ನೆಯಿತ್ತು. ನಮ್ಮ ಬೀದಿಯಲ್ಲಿ ಕಪ್ಪಾದ ಬಾಳೆಹಣ್ಣೆಲ್ಲ ಕೆಂಪಿಯದು. ಕೆಂಪಿ ಎಂದರೆ ಎದುರುಮನೆ ರಂಗಮ್ಮನ ಹಸು. ಕಸದ ಗಾಡಿಗೆ ಹಣ್ಣು ಹಾಕಿದವರನ್ನು ನಮ್ಮ ಬೀದಿಯಲ್ಲಿ ಯಾರೂ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಮೇಲೆ ಗಿರಿಜಾಗೆ ತವರುಮನೆಯಿಂದ ಬಂದ ಒಂದು ಪದ್ಧತಿಯಿದೆ. ಶುಕ್ರವಾರ ಹಸುವಿಗೆ ಬಾಳೆಹಣ್ಣು ತಿನ್ನಿಸಿ, ಅದು ತಿಂದದ್ದನ್ನು ಕಣ್ಣಾರೆ ನೋಡಿಯೇ ಅವಳು ಬಾಯಿಗೆ ಏನಾದರೂ ಹಾಕಿಕೊಳ್ಳುವುದು. ಅಲ್ಲಿಯವರೆಗೆ ಕಾಫಿಯೂ ಇಲ್ಲ. ಅಕ್ಕಿ, ಬೆಲ್ಲ, ಚಪಾತಿ ನಡೆಯುವುದಿಲ್ಲ, ಬಾಳೆಯದೇ ಆಗಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಆದರೆ ನಿವೃತ್ತನಾದವನಿಗೆ ಗುರುವಾರವೂ ಶುಕ್ರವಾರವೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ಒಂದು ಗುರುವಾರ ಸಂಜೆ, ಹಣ್ಣು ಹದವಾಗಿ ಕಳಿತಿದೆ ಎಂಬ ಖುಷಿಯಲ್ಲಿ, ಬುಟ್ಟಿಯಲ್ಲಿದ್ದದ್ದನ್ನೆಲ್ಲ ಕಿವುಚಿ ಬ್ರೆಡ್ಡಿಗೆ ಹಾಕಿಬಿಟ್ಟೆ.

ಬೆಳಿಗ್ಗೆ ಗಿರಿಜಾ ಸ್ನಾನ ಮುಗಿಸಿ, ಪೂಜೆ ಮಾಡಿ, ಬುಟ್ಟಿಯ ಮುಂದೆ ನಿಂತಳು. ಬುಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬ್ಯಾಗು ತರಲು ಒಳಗೆ ಹೋದಳು. ಹಣ್ಣಿನಂಗಡಿ ತೆರೆಯುವುದು ಹತ್ತಕ್ಕೆ, ಬಸ್ಸು ಎಂಟೂವರೆಗೆ. ಅವತ್ತು ಅವಳ ಶಾಲೆಗೆ ಮೇಲಿನವರು ತಪಾಸಣೆಗೆ ಬರುವ ದಿನ ಬೇರೆ, ಮಧ್ಯಾಹ್ನ ಕೂರಲೂ ಪುರುಸೊತ್ತು ಸಿಗದು ಎಂದು ಹಿಂದಿನ ದಿನವೇ ಹೇಳಿದ್ದಳು. ಹಸು ತಿನ್ನದಿದ್ದರೆ ಅವಳು ಸಂಜೆಯವರೆಗೆ ಹಸಿದುಕೊಂಡೇ ಓಡಾಡಬೇಕು. ಹಸಿವಾದರೆ ಅವಳಿಗೆ ತಲೆನೋವು ಬರುತ್ತದೆ, ಬಂದರೆ ಎರಡು ದಿನ ಬಿಡುವುದಿಲ್ಲ. ನನಗೆ ನಿಜಕ್ಕೂ ಪಾಪ ಅನ್ನಿಸಿತು. ಅಕ್ಕಪಕ್ಕದ ಎರಡು ಮನೆಯಲ್ಲಿ ಕೇಳಿ ಬಂದೆ. ಅವರಲ್ಲಿದ್ದ ಹಣ್ಣನ್ನೂ ಹಿಂದಿನ ವಾರ ಬ್ರೆಡ್ಡಿಗೆಂದು ನಾನೇ ಇಸಿದುಕೊಂಡಿದ್ದೆ.

ಆದರೂ ಧೈರ್ಯಗೆಡಲಿಲ್ಲ. ಬ್ರೆಡ್ಡು ಎಂದರೇನು? ಬಾಳೆಹಣ್ಣೇ ತಾನೆ, ಸ್ವಲ್ಪ ಬಟ್ಟೆ ಬದಲಿಸಿದೆ ಅಷ್ಟೇ. ಹಾಗೆಂದು ಗಿರಿಜಾ ಮುಂದೆ ವಾದ ಮಂಡಿಸಿ, ಬೆಂದದ್ದನ್ನು ಪಾತ್ರೆಸಮೇತ ಹಿಡಿದು ಎದುರುಮನೆಗೆ ನಡೆದೆ. ಹಿಂದೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಅವಳು ಬಂದಳು. ರಂಗಮ್ಮ ಸಗಣಿ ಬಾಚುತ್ತಿದ್ದವಳು ಕೈ ತೊಳೆದು ಬಂದಳು. ಕೆಂಪಿ ನಮ್ಮನ್ನು ಕಂಡು ಎಂದಿನಂತೆ ಕತ್ತು ಚಾಚಿತು. ದೊಡ್ಡದೊಂದು ತುಂಡನ್ನು ಅಂಗೈಯಲ್ಲಿಟ್ಟು ಮುಂದೆ ಹಿಡಿದೆ. ಕೆಂಪಿ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಸೀನಿದ ರಭಸಕ್ಕೆ ನನ್ನ ಕನ್ನಡಕ ಒದ್ದೆಯಾಯಿತು.

ರಂಗಮ್ಮ ತುಂಡನ್ನು ತಾನೂ ಮೂಸಿ ನೋಡಿದಳು. "ಏನೇನ್ ಹಾಕೀರಿ ಸಾರ್ ಇದ್ಕೆ? ನಮ್ ಕೆಂಪಿಗೆ ನೆಗಡಿ ಏನಿಲ್ರಿ," ಎಂದಳು.

ನಾನು ಕನ್ನಡಕ ಒರೆಸಿಕೊಂಡು, ಕೆಂಪಿಗೆ ಹೊಸ ರುಚಿ ಹಿಡಿಸಲು ಕೊಂಚ ಹೊತ್ತು ಬೇಕು ಎಂದು ವಿವರಿಸಿದೆ. ಬೆಲ್ಲದ ಅಂಚು ತೋರಿಸಿದೆ. ಕೊಂಬಿನ ಸಂದು ಕೆರೆದೆ. ಕೆಂಪಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿತು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಗಿರಿಜಾ ನಿಟ್ಟುಸಿರುಬಿಟ್ಟು ಹೊರಡಲು ತಿರುಗಿದಳು. ಆ ಗಡಿಬಿಡಿಯಲ್ಲಿ ನನ್ನ ಕೈಲಿದ್ದ ಪಾತ್ರೆ ವಾಲಿ ಬ್ರೆಡ್ಡು ಪೂರ್ತಿ ಹೊರಗೆ ಜಾರಿ ನನ್ನ ಇನ್ನೊಂದು ಕೈಗೆ ಬಿತ್ತು. ತಳ ಹಿಡಿಯದಿರಲಿ ಎಂದು ನಾನು ಅಡಿಗೆ ಹಾಸಿದ್ದ ಬಾಳೆಲೆ, ಬೆಂದು ಬಾಡಿ ಕಂದುಬಣ್ಣಕ್ಕೆ ತಿರುಗಿದ್ದು, ಪಾತ್ರೆಯಂಚಿಗೆ ಜೋತುಬಿತ್ತು. ಕೆಂಪಿ ಸರಕ್ಕನೆ ತಿರುಗಿ, ನಾಲಿಗೆ ಚಾಚಿ, ಆ ಎಲೆಯನ್ನು ಇಡಿಯಾಗಿ ಎಳೆದುಕೊಂಡಿತು. ಕಣ್ಣು ಅರೆಮುಚ್ಚಿ ಮೆಲ್ಲಗೆ ಅಗಿಯಿತು. ತಿಂದಾದ ಮೇಲೆ ಪಾತ್ರೆಯಲ್ಲಿ ಇನ್ನೊಂದು ಎಲೆ ಇದೆಯೇ ಎಂದು ಹುಡುಕಿತು.

ಗಿರಿಜಾ ಅದು ನುಂಗುವವರೆಗೆ ನೋಡಿದಳು. ಎಲೆಯೂ ಬಾಳೆಯದೇ ತಾನೆ ಎಂದು ಅವಳ ಮುಖದಲ್ಲೇ ತೀರ್ಪಾಯಿತು. ಹಸುವಿಗೆ ಕೈಮುಗಿದು, ನನ್ನ ಕೈಲಿದ್ದ ಬ್ರೆಡ್ಡಿನಿಂದ ಒಂದು ತುಂಡು ಮುರಿದುಕೊಂಡು ಬಾಯಿಗಿಟ್ಟು, ಬಸ್ ಸ್ಟಾಪಿನ ಕಡೆ ಹೆಜ್ಜೆ ಹಾಕಿದಳು. ನಾಲ್ಕು ಹೆಜ್ಜೆ ಹೋದವಳು ಹಿಂತಿರುಗಿ ಹೇಳಿದಳು: "ಎಲೆ ಮಾತ್ರ ಚೆನ್ನಾಗಿ ಬೇಯ್ಸಿದೀರಿ ಕಣ್ರಿ."

ಇದನ್ನು ಕುಹಕ ಎಂದುಕೊಳ್ಳುವವರು ಎಂದುಕೊಳ್ಳಲಿ. ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. ಈಗ ಗುರುವಾರದ ಬ್ರೆಡ್ಡಿಗೆ ಎರಡು ಎಲೆ ಹಾಸುತ್ತೇನೆ, ಹಣ್ಣನ್ನೂ ತೆಗೆದಿಡುತ್ತೇನೆ. ಎಲೆಗೆ ಘಾಟು ಹತ್ತಿ ಕೆಂಪಿ ಮತ್ತೆ ಸೀನೀತು ಎಂದು ಲವಂಗವನ್ನು ಕಾಲುಭಾಗಕ್ಕೆ ಇಳಿಸಿದ್ದೇನೆ. ಮೊದಲ ಸಲ ಹಾಗೆ ಮಾಡಿದ ದಿನ ಗಿರಿಜಾ ಒಂದು ತುಂಡು ತಿಂದು, ತಾನಾಗಿಯೇ ಇನ್ನೊಂದು ಕೇಳಿದಳು. ಏನು ಬದಲಾಯಿಸಿದಿರಿ ಎಂದಳು. ಹಸುವಿಗೆ ಲವಂಗ ಹಿಡಿಸುವುದಿಲ್ಲವಲ್ಲ, ಅದಕ್ಕೆ ಕಡಿಮೆ ಮಾಡಿದೆ ಎಂದೆ. ಅವಳು ಎರಡನೆಯ ತುಂಡು ಮುರಿಯುತ್ತಾ, "ಎರಡು ತಿಂಗಳಿಂದ ನಾನೂ ಅದನ್ನೇ ಹೇಳ್ತಿದ್ದೆ. ನಂಗೆ ಸೀನೋಕ್ ಬರ್ಲಿಲ್ಲ, ಅಷ್ಟೇ," ಎಂದಳು.