ಟ್ರಿಗರ್‌ಗೆ ಸಂಬಂಧ ನೋಡಿದ ನಮ್ಮ ಮಾವ

ನಮ್ಮ ಮಾವ ನಮ್ಮ ಅತ್ತೆಯನ್ನು ನೋಡಿ ಒಪ್ಪಿದ್ದು ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟು ಹೊತ್ತಿನಲ್ಲಿ. ಅದೇ ಮಾವ ಒಂದು ಫ್ಲ್ಯಾಶ್ ಟ್ರಿಗರ್ ನೋಡಿ ಒಪ್ಪಲು ತೆಗೆದುಕೊಂಡದ್ದು ಒಂದು ಮದುವೆ ಸೀಸನ್ನಿನಿಂದ ಮುಂದಿನ ಮದುವೆ ಸೀಸನ್ನಿನವರೆಗೆ! ಈ ಮಾತನ್ನು ನಾನು ಯಾರ ಮುಂದೆ ಹೇಳಿದರೂ ಅತ್ತೆ ಅಡುಗೆಮನೆಯಿಂದಲೇ ಒಂದು ತಿದ್ದುಪಡಿ ಕಳಿಸುತ್ತಾರೆ: "ಉಪ್ಪಿಟ್ಟಲ್ಲ ಕಣೋ, ಕೇಸರಿಬಾತು. ಉಪ್ಪಿಟ್ಟು ಬರೋಷ್ಟರಲ್ಲೇ ಹೂಂ ಅಂದಾಗಿತ್ತು."

ಟ್ರಿಗರ್ ಎಂದ ತಕ್ಷಣ ಗಾಬರಿಯಾಗಬೇಡಿ, ಬಂದೂಕಿನ ವಿಷಯವಲ್ಲ. ಬೆಂಕಿಪೊಟ್ಟಣದಂಥ ಎರಡು ಡಬ್ಬಿ. ಒಂದು ಕ್ಯಾಮೆರಾದ ನೆತ್ತಿಯ ಮೇಲೆ ಕೂರುತ್ತದೆ, ಇನ್ನೊಂದು ದೂರದಲ್ಲಿರುವ ಫ್ಲ್ಯಾಶಿನ ಬುಡ ಕಚ್ಚಿಕೊಳ್ಳುತ್ತದೆ. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಮಿಂಚಬೇಕು. ನಡುವೆ ವೈರಿಲ್ಲ, ರೇಡಿಯೋ ಅಲೆ. ಇಷ್ಟೇ. ಇಷ್ಟಕ್ಕೆ ಒಂದು ವರ್ಷವೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಬೈಸಿಕೊಂಡೆ.

ಮಾವನ ಸ್ಟುಡಿಯೋ ಇರುವುದು ಮುಳಬಾಗಿಲಿನ ಪೇಟೆಯಲ್ಲಿ. ನಮ್ಮ ವಂಶದಲ್ಲಿ ಪೌರೋಹಿತ್ಯ ಮಾಡುವವರಿದ್ದಾರೆ, ಲೆಕ್ಕ ಬರೆಯುವವರಿದ್ದಾರೆ. ಮದುವೆಗೆ ಹೋಗಿ ಮಂತ್ರವನ್ನೂ ಹೇಳದೆ, ನೆಟ್ಟಗೆ ಊಟವನ್ನೂ ಮಾಡದೆ ಬರುವವರು ಮಾವ ಒಬ್ಬರೇ. (ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾನು ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡುವವನು. ಹಾಡಿಗೂ ಹಾಡಿಗೂ ನಡುವೆ ಜನ ಎದ್ದು ಹೋಗದಂತೆ ಕಾಯುವ ಉದ್ಯೋಗ ನನ್ನದು. ಬಹಳಷ್ಟು ಜನ ಎದ್ದೇ ಹೋಗುತ್ತಾರೆ.)

ಬೇರೆ ಫೋಟೋಗ್ರಾಫರುಗಳು ಫ್ಲ್ಯಾಶನ್ನು ಕ್ಯಾಮೆರಾದ ಮೇಲೇ ಸಿಕ್ಕಿಸಿ ಮುಖಕ್ಕೆ ರಪ್ಪೆಂದು ಹೊಡೆಯುತ್ತಾರೆ; ಮದುಮಗಳ ಮುಖ ಸುಡದ ಹಪ್ಪಳದ ಹಾಗೆ ಬರುತ್ತದೆ. ಮಾವನಿಗೆ ಅದು ಆಗದು. "ಎದುರಿಂದ ಬೆಳಕು ಬಿಡೋನು ಪೊಲೀಸು. ಫೋಟೋಗ್ರಾಫರ್ ಆದೋನು ಪಕ್ಕದಿಂದ ಬಿಡಬೇಕು ಕಣೋ!" ಪಕ್ಕದಿಂದ ಬೆಳಕು ಬರಬೇಕಾದರೆ ಪಕ್ಕದಲ್ಲಿ ಒಬ್ಬರು ಫ್ಲ್ಯಾಶ್ ಎತ್ತಿ ಹಿಡಿದು ನಿಲ್ಲಬೇಕಲ್ಲ? ಆ ಒಬ್ಬರು ನಮ್ಮ ಅತ್ತೆ. ಮದುವೆಯಾದ ವರ್ಷ ಎತ್ತಿದ ಕೈ, ಇಳಿಸಲು ಪುರಸೊತ್ತೇ ಆಗಲಿಲ್ಲ. ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲಿ ಗಟ್ಟಿಮೇಳ ಮೊಳಗಿದರೂ ಅಲ್ಲಿ ಅತ್ತೆಯ ಬಲಗೈ ಮೇಲೆ. ಮಾವನ ಕ್ಯಾಮೆರಾದಿಂದ ಅತ್ತೆಯ ಕೈಯ ಫ್ಲ್ಯಾಶಿನವರೆಗೆ ಉದ್ದನೆಯ ಒಂದು ಕಪ್ಪು ವೈರು. ಮದುಮಕ್ಕಳ ಸೆರಗಿಗೆ ಹಾಕಿದ ಗಂಟನ್ನು ಶಾಸ್ತ್ರ ಮುಗಿದ ಮೇಲೆ ಬಿಚ್ಚಿಬಿಡುತ್ತಾರೆ. ಇವರಿಬ್ಬರ ಗಂಟು ಮಾತ್ರ ಪ್ರತಿ ಮದುವೆಯಲ್ಲೂ ಹೊಸದಾಗಿ ಬೀಳುತ್ತಿತ್ತು. ಆ ವೈರನ್ನು ಎಡವದ ನೆಂಟರು ಮೂರು ತಾಲ್ಲೂಕಿನಲ್ಲಿ ಯಾರಿದ್ದಾರೆ?

ಮದುವೆಯುದ್ದಕ್ಕೂ ಮಾವನದು ಒಂದೇ ಮಂತ್ರ: "ಲೈಟ್ ಮೇಲೆ ಕಣೇ! ಇನ್ನೂ ಮೇಲೆ!" ಮೂಗು, ಗಂಟಲು ಎರಡರಿಂದಲೂ ಏಕಕಾಲಕ್ಕೆ ಹೊರಡುವ ಆ ದನಿ ನನ್ನ ಮಿಮಿಕ್ರಿಯ ಬಂಡವಾಳ. ಒಮ್ಮೆ ಅವರ ಹಿತ್ತಲಲ್ಲಿ ನಿಂತು ಅದೇ ದನಿಯಲ್ಲಿ ಕೂಗಿದೆ. ಅಡುಗೆಮನೆಯಲ್ಲಿ ಅತ್ತೆ ಸಾರಿನ ಸೌಟನ್ನು ತಲೆಯ ಮೇಲಕ್ಕೆ ಎತ್ತಿದರು! ಮೊಣಕೈವರೆಗೆ ಸಾರು ಇಳಿದ ಮೇಲೆ ನನ್ನನ್ನು ಹಿತ್ತಲೆಲ್ಲ ಅಟ್ಟಾಡಿಸಿದರು. ಮಾವ ಮಾತ್ರ ಗಂಭೀರವಾಗಿ, "ನನ್ನ ಗಂಟಲು ಹಂಗಿಲ್ಲ. ನಿಂಗೆ ಮಿಮಿಕ್ರಿ ಬರಲ್ಲ" ಎಂದು ತೀರ್ಪು ಕೊಟ್ಟರು.

ಆ ಕೈಗೆ ಒಂದು ದಿನ ನೋವು ಬಂತು. ಮೊದಲು ತಲೆ ಬಾಚಲು ಆಗಲಿಲ್ಲ, ಆಮೇಲೆ ಅಟ್ಟದ ಡಬ್ಬ ಎಟುಕಲಿಲ್ಲ. ಅತ್ತೆ ಸೆರಗು ಹೊದ್ದು ಮುಚ್ಚಿಕೊಂಡು ಓಡಾಡಿದರು. ಕೊನೆಗೆ ಕೋಲಾರದ ಡಾಕ್ಟರು ಭುಜ ಒತ್ತಿ ನೋಡಿ, "ಇನ್ಮೇಲೆ ಈ ಕೈ ಭುಜದಿಂದ ಮೇಲಕ್ಕೆ ಹೋಗಬಾರದು. ಹೀಗೇ ಎತ್ತುತ್ತಿದ್ದರೆ ಪೂರ್ತಿ ಹಿಡಿದುಕೊಳ್ಳುತ್ತೆ" ಎಂದರು. ಮನೆಗೆ ಬಂದ ಮಾವ ಯಾರ ಮುಖವನ್ನೂ ನೋಡದೆ ಗೋಡೆಗೆ ಹೇಳಿದರು: "ವೈರು ಎಡವಿ ಎಡವಿ ಜನ ಬೀಳ್ತಾರೆ. ವೈರ್‌ಲೆಸ್ಸಿಗೆ ಹೋಗಬೇಕು." ನೋಡಿ, ಜನರ ಕಾಲಿನ ಮೇಲೆ ಎಂಥ ಕಾಳಜಿ!

ಅಲ್ಲಿಯವರೆಗೆ ಬೇರೆ ಯಾರಾದರೂ ಫ್ಲ್ಯಾಶ್ ಹಿಡಿಯಬಹುದಿತ್ತಲ್ಲ ಅಂತೀರಾ? ಹಿಡಿದೆ. ನಾನೇ. ಟೇಕಲ್ ಕಡೆಯ ಒಂದು ಮದುವೆ. ಫೋಟೋ ತೊಳೆದು ಬಂದಾಗ ಮದುಮಗಳು ಕತ್ತಲಲ್ಲಿ, ಮದುಮಗಳ ತಂಗಿ ಹುಣ್ಣಿಮೆ ಚಂದ್ರನಂತೆ! ಆಲ್ಬಮ್ಮಿನ ತುಂಬ ಅದೇ ಹುಣ್ಣಿಮೆ. ಹೆಣ್ಣಿನ ಅಪ್ಪ ಸ್ಟುಡಿಯೋಗೇ ಬಂದು, "ಸ್ವಾಮಿ, ಇದು ಯಾರ ಮದುವೆ?" ಎಂದು ಕೇಳಿದ ಮೇಲೆ ಮಾವ ನನ್ನನ್ನು ಕೆಲಸದಿಂದ ತೆಗೆದರು. "ಯಂತ್ರಕ್ಕಾದ್ರೆ ವಯಸ್ಸು ಬರಲ್ಲ" ಎಂದರು.

ಯಂತ್ರದಲ್ಲಿ ಮೊದಲು ಬಂದದ್ದು ಸ್ಲೇವ್ ಎಂಬ ಪುಟ್ಟ ಗಾಜಿನ ಕಣ್ಣು. ಎಲ್ಲಾದರೂ ಒಂದು ಫ್ಲ್ಯಾಶ್ ಮಿಂಚಿದ್ದನ್ನು ಕಂಡರೆ ಸಾಕು, ತಾನು ಕೂತ ಫ್ಲ್ಯಾಶನ್ನೂ ಮಿಂಚಿಸುತ್ತದೆ. ಮಾಲೂರಿನ ಮದುವೆಗೆ ಅದನ್ನು ಸ್ಟ್ಯಾಂಡಿಗೆ ಕಟ್ಟಿ, ಸ್ಟ್ಯಾಂಡ್ ಬೀಳದಂತೆ ಬುಡಕ್ಕೆ ರಾಗಿ ಚೀಲ ಇಟ್ಟು, ಮಾವ ಮೀಸೆ ತಿರುವಿದರು. ಅಷ್ಟರಲ್ಲಿ ಗಂಡಿನ ಕಡೆಯ ಭಾವಮೈದುನನೊಬ್ಬ ತನ್ನ ಪುಟ್ಟ ಕ್ಯಾಮೆರಾದಲ್ಲಿ ಕ್ಲಿಕ್ ಎಂದ. ನಮ್ಮ ಫ್ಲ್ಯಾಶ್ ಮಿಂಚಿತು. ಲಕ್ಕೂರಿನ ಚಿಕ್ಕಪ್ಪನೊಬ್ಬ ಕ್ಲಿಕ್ ಎಂದ. ಮಿಂಚಿತು. ಊರಿನವರೆಲ್ಲ ಕ್ಯಾಮೆರಾ ಕೊಂಡ ಕಾಲ ಅದು! ಯಾರು ಕಣ್ಣು ಮಿಟುಕಿಸಿದರೂ ಇದು ಹಲ್ಲು ಕಿರಿಯಿತು. ಮಾಂಗಲ್ಯಧಾರಣೆಯ ಹೊತ್ತಿಗೆ ಬ್ಯಾಟರಿ ಖಾಲಿ. "ಇದಕ್ಕೆ ಮಾನ ಮರ್ಯಾದೆ ಇಲ್ಲ ಕಣೋ. ಸಂಸಾರಸ್ಥರ ಮನೆಗೆ ಆಗಲ್ಲ" ಎಂದು ಮಾವ ಹಲ್ಲು ಕಡಿಯುತ್ತಿದ್ದಂತೆ, ಅತ್ತೆ ಚೀಲದಿಂದ ಹಳೇ ವೈರು, ಇನ್ನೊಂದು ಫ್ಲ್ಯಾಶು ತೆಗೆದು ಸಿಕ್ಕಿಸಿ ಕೈ ಎತ್ತಿಯಾಗಿತ್ತು. ತಾಳಿ ಬಿತ್ತು, ಬೆಳಕೂ ಬಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಟಿಕೆಟ್ ತೆಗೆದುಕೊಂಡದ್ದು ಎಡಗೈಯಲ್ಲಿ.

ಆಮೇಲೆ ಬಂತು ಅಗ್ಗದ ರೇಡಿಯೋ ಟ್ರಿಗರ್. ಅದರ ಹೊಟ್ಟೆಯ ಮೇಲೆ ಕಡಲೆಕಾಳಿನಂಥ ಗುಂಡಿಗಳು. ಅವನ್ನು ಆಚೀಚೆ ಸರಿಸಿದರೆ ಚಾನಲ್ ಬದಲಾಗುತ್ತದೆ. ಎಷ್ಟನೇ ಚಾನಲ್ ಇಡಬೇಕು? ಮಾವ ಪುರೋಹಿತರಾದ ನಮ್ಮ ದೊಡ್ಡಪ್ಪನನ್ನು ಕೇಳಿದರು. ದೊಡ್ಡಪ್ಪ ಪಂಚಾಂಗ ಮಡಿಚಿಟ್ಟು, "ಒಂದೇ ಇರಲಿ, ಗಣಪತಿ ಲೆಕ್ಕ" ಎಂದರು. ಇಟ್ಟದ್ದಾಯಿತು.

ಕೋಲಾರದಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಛತ್ರ, ಎರಡರಲ್ಲೂ ಒಂದೇ ಮುಹೂರ್ತ. ನಮ್ಮ ಕಡೆ ಯಾರೂ ಕ್ಲಿಕ್ಕಿಸದೆ ಫ್ಲ್ಯಾಶ್ ತಾನಾಗಿ ಮಿಂಚತೊಡಗಿತು. ಅಜ್ಜಿಯೊಬ್ಬರು ಆಕಳಿಸಿದರು, ಮಿಂಚಿತು. ಮಗುವೊಂದು ಲಾಡು ಬೀಳಿಸಿತು, ಮಿಂಚಿತು. "ಏಮಿರಾ ಇದಿ, ದಯ್ಯಂ ಪಟ್ಟಿಂದಾ!" ಮಾವನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ, ಡಬ್ಬಿಗೆ ದೆವ್ವ ಹಿಡಿದಿದೆ ಎಂಬ ಅನುಮಾನ. ಕೈತೊಳೆಯುವ ತೊಟ್ಟಿಯ ಹತ್ತಿರ ಹೋದರೆ ಅಲ್ಲಿ ಪಕ್ಕದ ಛತ್ರದ ಫೋಟೋಗ್ರಾಫರ್ ಅದೇ ಡಬ್ಬಿ ಹಿಡಿದು ಅದೇ ದೆವ್ವಕ್ಕೆ ಬೈಯುತ್ತಿದ್ದಾರೆ! ಆಗ ಗೊತ್ತಾಯಿತು, ಇಬ್ಬರದೂ ಒಂದೇ ಚಾನಲ್. ಇವರು ಒತ್ತಿದರೆ ಅಲ್ಲಿ, ಅವರು ಒತ್ತಿದರೆ ಇಲ್ಲಿ.

"ನೀವು ಹಿರಿಯರು, ಒಂದು ನೀವೇ ಇಟ್ಕೊಳ್ಳಿ ಸಾರ್," ಎಂದರು ಪಕ್ಕದ ಛತ್ರದವರು. " ನಾನು ಎರಡಕ್ಕೆ ಹೋಗ್ತೀನಿ."

"ಛೆ ಛೆ, ನೀವು ಮೊದಲು ಬಂದೋರು. ಒಂದು ನಿಮ್ದೇ. ನಾನು ಎರಡಕ್ಕೆ ಹೋಗ್ತೀನಿ."

ಹೀಗೆ ಒಬ್ಬರಿಗೊಬ್ಬರು ಕೈಮುಗಿದು, ಅವರವರ ಛತ್ರಕ್ಕೆ ಹೋಗಿ, ನಮ್ಮ ಸೀಮೆಯ ಮರ್ಯಾದೆಗೆ ಕುಂದು ಬಾರದಂತೆ ಇಬ್ಬರೂ ಎರಡಕ್ಕೆ ಹೋದರು! ಗಟ್ಟಿಮೇಳ ಮೊಳಗಿತು. ನಮ್ಮ ಫ್ಲ್ಯಾಶ್ ಪಕ್ಕದ ಛತ್ರದ ವರನಿಗೆ ಮಿಂಚಿ ಸುಸ್ತಾಗಿ ಕೂತಿತ್ತು. ಮತ್ತೆ ಅತ್ತೆಯ ಚೀಲ, ಮತ್ತೆ ವೈರು. ಈ ಸಲ ಕೈ ಎತ್ತಿದಾಗ ಅತ್ತೆ ತುಟಿ ಕಚ್ಚಿದ್ದನ್ನು ನಾನು ನೋಡಿದೆ. ಕ್ಯಾಮೆರಾದ ಹಿಂದಿದ್ದ ಮಾವನೂ ನೋಡಿರಬೇಕು. ಆ ದಿನ ಅವರು "ಇನ್ನೂ ಮೇಲೆ" ಎನ್ನಲಿಲ್ಲ.

ಅಲ್ಲಿಂದ ಮಾವನ ಪರೀಕ್ಷೆ ಹದ ಮೀರಿತು. ಬೆಂಗಳೂರಿನ ಅಂಗಡಿಯವನು, "ನೂರು ಮೀಟರ್ ಹೋಗುತ್ತೆ ಸಾರ್" ಎಂದ.

"ಬಯಲಲ್ಲಿ ನೂರು. ಮಧ್ಯೆ ನಮ್ಮ ನೆಂಟರು ನಿಂತ್ರೆ?"

"ಅಂದ್ರೆ?"

"ದಪ್ಪ ನೆಂಟರು. ಬಾಳೆಕಂಬ. ಬೀಗರ ಬ್ಯಾಗು. ಅದೆಲ್ಲ ದಾಟುತ್ತಾ?"

ಅಂಗಡಿಯವನ ವೃತ್ತಿಜೀವನದಲ್ಲಿ ದಪ್ಪ ನೆಂಟರ ಪ್ರಶ್ನೆ ಅದೇ ಮೊದಲು. ಸೋತು, "ತಗೊಂಡೋಗಿ ನೋಡಿ, ಬೇಡಾದ್ರೆ ವಾಪಸ್ ಕೊಡಿ" ಎಂದುಬಿಟ್ಟ. ಈ ಮಾತನ್ನು ನಮ್ಮ ಮಾವನಿಗೆ ಹೇಳಬಾರದು ಎಂದು ಪಾಪ ಅವನಿಗೆ ಹೇಗೆ ಗೊತ್ತು? ತಂದು, ನೋಡಿ, ವಾಪಸ್ ಕೊಟ್ಟರು. ಇನ್ನೊಂದು ತಂದರು. ಅದನ್ನೂ ಕೊಟ್ಟರು. ಒಂದಕ್ಕೆ ನಿದ್ದೆ ಜಾಸ್ತಿ, ಒಂದು ಒತ್ತಿದ ಮೇಲೆ ಯೋಚನೆ ಮಾಡುತ್ತದೆ, ಇನ್ನೊಂದು ಹೊರಗೆ ಯಾರೋ ರಿಮೋಟಿನಲ್ಲಿ ಕಾರಿಗೆ ಬೀಗ ಹಾಕಿದರೂ ಬೆಚ್ಚಿಬೀಳುತ್ತದೆ.

ಕೊನೆಯದನ್ನು ಪರೀಕ್ಷಿಸಲು ಟೇಕಲ್ಲಿಗೆ ಹೋದೆವು. ನಾನು ಫ್ಲ್ಯಾಶ್ ಹಿಡಿದು ಬೆಟ್ಟದ ಬುಡದ ಬಂಡೆಗಳ ನಡುವೆ, ಮಾವ ಕ್ಯಾಮೆರಾ ಹಿಡಿದು ಕೆಳಗೆ ದಾರಿಯಲ್ಲಿ. ಮಿಂಚಿದರೆ ನಾನು ಟವೆಲ್ ಬೀಸಬೇಕು. ಬೀಸಿದೆ. ಮಾವ ಇನ್ನಷ್ಟು ಹಿಂದೆ ಹೋದರು. ಬೀಸಿದೆ. ಬೀಸುತ್ತಲೇ ಇದ್ದೆ. ಹಾದುಹೋದ ರೈಲಿನವರು ನನಗೆ ವಾಪಸ್ ಟವೆಲ್ ಬೀಸಿದರು. ಕುರಿ ಮೇಯಿಸುತ್ತಿದ್ದವನು, "ಪಿಚ್ಚರಾ ಸ್ವಾಮಿ? ಹೀರೋ ಇನ್ನೂ ಬಂದಿಲ್ವಾ?" ಎಂದ. ಅಂದರೆ ನಾನೇ ಹೀರೋ ಇರಬಹುದೆಂಬ ಅನುಮಾನ ಅವನಿಗೆ ಕನಸಲ್ಲೂ ಬರಲಿಲ್ಲ.

ಇಳಿದು ಬಂದು ಕಿರುಚಿದೆ. "ಮಾವ, ಯಾವ ಮದುವೇಲಿ ಹೆಣ್ಣು ರೋಡಲ್ಲಿ, ಗಂಡು ಬೆಟ್ಟದಲ್ಲಿ ಇರ್ತಾನೆ?"

"ನಿನ್ನ ಮದುವೇಲಿ ಕಣೋ. ಹೆಣ್ಣು ನಿನ್ನ ನೋಡಿ ಓಡಿಹೋಗ್ತಾಳಲ್ಲ, ಆಗ ಬೇಕಾಗುತ್ತೆ."

"ಎಲ್ಲಾ ಸಲವೂ ಮಿಂಚಿತಲ್ಲ! ಇನ್ನೇನು ನೋಡ್ಬೇಕು?"

ಮಾವ ಡಬ್ಬಿಯ ಧೂಳು ಒರೆಸಿ ಜೇಬಿಗೆ ಹಾಕಿಕೊಂಡರು. ಆಮೇಲೆ, ಮೂಗನ್ನೂ ಗಂಟಲನ್ನೂ ಬಿಟ್ಟು ಬೇರೆ ಯಾವುದೋ ಜಾಗದಿಂದ ಮಾತು ಬಂತು: "ಒಂದೇ ಒಂದು ಸಲ ತಪ್ಪಿದ್ರೂ ಅವಳು ಎತ್ತಿಬಿಡ್ತಾಳೆ ಕಣೋ." ಆ ದನಿಯನ್ನು ನಾನು ಇವತ್ತಿನವರೆಗೆ ಯಾವ ವೇದಿಕೆಯಲ್ಲೂ ಮಾಡಿಲ್ಲ. ಬರುವುದೂ ಇಲ್ಲ.

ಆ ಟ್ರಿಗರ್ ಮನೆಯಲ್ಲೇ ಉಳಿಯಿತು. ಅತ್ತೆ ಅದನ್ನು ಸವತಿಯನ್ನು ನೋಡುವ ಹಾಗೆ ನೋಡಿದರು. "ಇದು ಅಳೋ ಮಗೂನ ಸುಮ್ನಾಗಿಸುತ್ತಾ? ಮದುಮಗಳ ಬೈತಲೆಬೊಟ್ಟು ಓರೆ ಆದ್ರೆ ಹೇಳುತ್ತಾ?"

"ಹೇಳಲ್ಲ. ಅದೇ ಅದರ ಒಳ್ಳೇ ಗುಣ."

"ಹಂಗಾದ್ರೆ ನಾನಿನ್ನು ಮದುವೆಗೆ ಬರೋದು ಬೇಡ್ವೇನ್ರೀ?"

"ಬಾ. ಬಂದು ಕೂತ್ಕೋ."

"ಕೂತ್ಕೊಂಡು ಏನ್ ಮಾಡ್ಲಿ?"

"ಎಲ್ರೂ ಏನ್ ಮಾಡ್ತಾರೋ ಅದನ್ನ."

"ಎಲ್ರೂ ಏನ್ ಮಾಡ್ತಾರೆ ಅಂತ ನಾನ್ ಯಾವತ್ತು ನೋಡಿದ್ದೀನಿ?" ಎಂದು ಅತ್ತೆ ಒಳಗೆ ಹೋದರು.

ಶ್ರೀನಿವಾಸಪುರದ ಮದುವೆಗೆ ಅತ್ತೆ ಬಂದರು. ರೇಷ್ಮೆ ಸೀರೆ, ಕೈಯಲ್ಲಿ ಫ್ಲ್ಯಾಶಿಲ್ಲ, ಹೆಗಲಲ್ಲಿ ಚೀಲವಿಲ್ಲ. ಮುಂದಿನ ಸಾಲಿನಲ್ಲಿ ಕುರ್ಚಿಯ ತುದಿಗೆ ಕೂತರು. ಪರಿಚಯದವರೆಲ್ಲ, "ಯಾಕಮ್ಮ, ಯಜಮಾನ್ರ ಜೊತೆ ಜಗಳವಾ?" ಎಂದು ವಿಚಾರಿಸಿಕೊಂಡು ಹೋದರು. ಮಂಟಪದ ಪಕ್ಕ ರಾಗಿ ಚೀಲದ ಸ್ಟ್ಯಾಂಡು, ಅದರ ತುದಿಯಲ್ಲಿ ಫ್ಲ್ಯಾಶು. ತಾಳಿಯ ಹೊತ್ತಿಗೆ ದಪ್ಪ ನೆಂಟರು ಅಡ್ಡ ನಿಂತರು, ಬಾಳೆಕಂಬ ಅಡ್ಡ ಬಂತು, ಮಾವ ಒತ್ತಿದರು. ಮಿಂಚಿತು. ಒತ್ತಿದಷ್ಟು ಸಲವೂ ಮಿಂಚಿತು. ಅತ್ತೆ ಮೊದಲ ಬಾರಿಗೆ ಒಂದು ಮಾಂಗಲ್ಯಧಾರಣೆಯನ್ನು ಕೂತು ನೋಡಿದರು, ಅಕ್ಷತೆ ಹಾಕಿದರು.

ಮದುಮಕ್ಕಳು ಊಟಕ್ಕೆ ಎದ್ದ ಮೇಲೆ ಮಾವ ಸ್ಟ್ಯಾಂಡನ್ನು ಎತ್ತಿಕೊಂಡು ಬಂದು ಅತ್ತೆಯ ಪಕ್ಕಕ್ಕೆ ಇಟ್ಟರು. "ಈ ಕಡೆ ನೋಡೇ." ಊರವರ ಮದುವೆಯ ಆಲ್ಬಮ್ಮುಗಳಲ್ಲೆಲ್ಲ ಅತ್ತೆಯ ಬೆಳಕಿದೆ, ಅತ್ತೆ ಮಾತ್ರ ಒಂದರಲ್ಲೂ ಇಲ್ಲ. ಅದು ನನಗೆ ಹೊಳೆದದ್ದೇ ಆಗ. ಅತ್ತೆ ರೇಷನ್ ಕಾರ್ಡಿನ ಫೋಟೋಗೆ ಕೂತವರಂತೆ ಬಿಗಿದು ಕೂತರು. "ಸ್ವಲ್ಪ ನಗಿ ಅಮ್ಮ," ಮಾವ ಗಿರಾಕಿಗಳಿಗೆ ಹೇಳುವ ಮಾತು ಹೇಳಿದರು. ಆ ಮಾತನ್ನು ಸಾವಿರ ಸಲ ಪಕ್ಕದಲ್ಲೇ ನಿಂತು ಕೇಳಿದವರಿಗೆ ನಗು ಬರುತ್ತದೆಯೇ? ಮಾವ ಬೆವರಿದರು. ಕ್ಯಾಮೆರಾ ಇಳಿಸಿ ನನ್ನನ್ನು ನೋಡಿದರು.

ನಾನು ಕಂಬದ ಹಿಂದೆ ಸರಿದು, ಮೂಗು ಗಂಟಲು ಎರಡನ್ನೂ ಕೂಡಿಸಿ ಕೂಗಿದೆ: "ಲೈಟ್ ಮೇಲೆ ಕಣೇ!"

ಅತ್ತೆಯ ಬಲಗೈ ತಾನಾಗಿ ಎದ್ದಿತು. ಭುಜ ಬಿಟ್ಟುಕೊಟ್ಟಷ್ಟು ಎತ್ತರಕ್ಕೆ ಬಂದು ನಿಂತಿತು. ಕೈಯಲ್ಲಿ ಏನೂ ಇಲ್ಲವೆಂದು ಕಂಡದ್ದೇ ಅತ್ತೆ ಬಾಯ್ತುಂಬ ನಕ್ಕುಬಿಟ್ಟರು. ಪಕ್ಕದಿಂದ ಬೆಳಕು ಮಿಂಚಿತು.

"ಇವತ್ತು ಸರಿಯಾಗಿ ಮಾಡ್ದೆ ಕಣೋ," ಎಂದರು ಮಾವ. ನನ್ನ ಕಲಾಜೀವನದಲ್ಲಿ ಸಿಕ್ಕ ಏಕೈಕ ಪ್ರಶಸ್ತಿ.

ಹಳೇ ವೈರಿನ ಮೇಲೆ ಈಗ ಹಿತ್ತಲಲ್ಲಿ ಮಾವನ ಪಂಚೆ ಒಣಗುತ್ತದೆ. ಆ ಫೋಟೋವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಎದುರುಗೋಡೆಗೆ ಹಾಕಿದ್ದಾರೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ತಲೆ ಬಾಚಿಕೊಳ್ಳುತ್ತಾ, "ಯಾವ ದೇವಸ್ಥಾನದ ಅಮ್ಮನವರು ಸ್ವಾಮಿ, ಆಶೀರ್ವಾದ ಮಾಡ್ತಿರೋದು?" ಎಂದು ಕೇಳುತ್ತಾರೆ.

"ಆಶೀರ್ವಾದ ಅಲ್ಲ. ಬೆಳಕು ಹಿಡಿಯೋ ಕೈ ಅದು," ಎನ್ನುತ್ತಾರೆ ಮಾವ, ತಲೆ ಎತ್ತದೆ.

"ಕೈಯಲ್ಲಿ ಏನೂ ಇಲ್ವಲ್ಲ?"

"ಏನೂ ಇಲ್ಲ ಅಂತಲೇ ಹಾಕಿರೋದು."