ಅಟ್ಟದಿಂದ ಇಳಿದ ಪರಾತ

“ಈ ಸಲದ ಈದಿಗೆ ನಮ್ಮ ಮನಿಗೆ ಒಂದು ಹೊಸಾ ವಸ್ತು ಬರಂಗಿಲ್ಲ! ನಮ್ಮ ಮನಿಯಿಂದ ಒಂದು ಹಳೇ ವಸ್ತು ತಿಪ್ಪಿಗೆ ಹೋಗಂಗಿಲ್ಲ!”

ಗದಗಿನ ಬುಡ್ಡೇಸಾಬ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಈ ಮಹಾಪ್ರತಿಜ್ಞೆ ಮಾಡಿದಾಗ ಕೇಳಲು ಇದ್ದ ಸಭಿಕರು ಇಬ್ಬರೇ. ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಹೆಂಡತಿ ಅಲ್ಮಾಸಬಿ ಒಬ್ಬಳು, ಪಕ್ಕದ ಮನೆಯ ಸುಮಿತ್ರವ್ವನ ಬೆಕ್ಕು ಇನ್ನೊಂದು. ಬೆಕ್ಕು ಕಣ್ಣು ಮುಚ್ಚಿಕೊಂಡಿತು. ಅಲ್ಮಾಸಬಿ ತಲೆ ಎತ್ತದೆ ಕೇಳಿದಳು:

“ಮತ್ತ ಬೀಗರಿಗೇನ ಒಯ್ಯೂದು? ನಿಮ್ಮ ಭಾಷಣಾ?”

ಪ್ರಶ್ನೆ ಸಣ್ಣದಲ್ಲ. ಒಬ್ಬಳೇ ಮಗಳು ಜನ್ನತಬಿಯನ್ನು ಐದು ತಿಂಗಳ ಹಿಂದಷ್ಟೇ ಲಕ್ಷ್ಮೇಶ್ವರದ ಕರೀಮಸಾಬರ ಮನೆಗೆ ಕೊಟ್ಟಿದ್ದರು. ಮದುವೆಯಾದ ಮೇಲೆ ಇದೇ ಮೊದಲ ರಮಜಾನ್ ಈದು. ತವರಿನವರು ಕಾಣಿಕೆ ಹಿಡಿದುಕೊಂಡು ಹೋಗಲೇಬೇಕು. ಮಗಳು ಕಾಗದವನ್ನೂ ಬರೆದಿದ್ದಳು: “ಅಬ್ಬಾ, ಅತ್ತಿಯವರು ಬಾಯಿಬಿಟ್ಟು ಏನೂ ಕೇಳವರಲ್ಲ. ಆದರ ತವರಿನಿಂದ ಏನ ಬಂತು ಅಂತ ನೋಡಾಕ ಓಣಿಗೆ ಓಣೀನ ಬರತೈತಿ. ನನ್ನ ಮರ್ಯಾದಿ ನಿನ್ನ ಕೈಯಾಗೈತಿ.”

ಆ ಕೈ ಸಾಮಾನ್ಯದ ಕೈಯಲ್ಲ! ಗದಗಿನ ಬಜಾರದ ಭಾಂಡೆ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು, ಉಳಿ-ಸುತ್ತಿಗೆ ಹಿಡಿದು, ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಬುಡ್ಡೇಸಾಬನ ಕಸುಬು. ಗದಗ-ಬೆಟಗೇರಿಯ ಯಾವ ಅಡುಗೆಮನೆಗೆ ಹೋದರೂ ಅವನ ಅಕ್ಷರ ಇದ್ದೇ ಇರುತ್ತಿತ್ತು. “ನಾ ಕೊರದ ಅಕ್ಷರ ಏಳು ತಲಿಮಾರು ಅಳಿಸಂಗಿಲ್ಲ” ಎಂದು ಗಿರಾಕಿಗಳಿಗೆ ಹೇಳಿ ಹೇಳಿ, ಆ ಮಾತು ಅವನ ಇನಿಷಿಯಲ್ ಇದ್ದಂತೆ ಹೆಸರಿಗೇ ಅಂಟಿಕೊಂಡಿತ್ತು.

ಪ್ರತಿಜ್ಞೆಗೂ ಕಸುಬೇ ಕಾರಣ. ಇಸವಿ ಎಂಬತ್ತೆರಡೋ ಎಂಬತ್ಮೂರೋ ಇರಬೇಕು. ಸ್ಟೀಲು ಮನೆಮನೆಯಿಂದ ಹಿತ್ತಾಳೆಯನ್ನು ಓಡಿಸುತ್ತಿದ್ದ ಕಾಲ. ಯಾರ ಮದುವೆಯಾದರೂ ಅದೇ ಸ್ಟೀಲ್ ಡಬ್ಬಿ, ಅದೇ ಸ್ಟೀಲ್ ತಂಬಿಗೆ!

“ಕೇಳಿಲ್ಲಿ ಅಲ್ಮಾಸ, ಮೊನ್ನೆ ಒಂದು ಡಬ್ಬಿ ಬಂತು. ಅದರ ಮ್ಯಾಲ ನಾನ ಕೊರದ ಮೂರು ಹೆಸರು! ಮೂರು ಮದುವಿ ತಿರುಗಿ, ನಾಕನೇ ಹೆಸರು ಹಾಕಿಸ್ಕೊಳ್ಳಾಕ ನನ್ನ ಹತ್ರನ ಬಂದೈತಿ. ಯಾರಿಗೂ ಬ್ಯಾಡಾದ ಡಬ್ಬಿ ಊರೆಲ್ಲಾ ಯಾಕ ತಿರುಗಬೇಕು? ಮನ್ಯಾಗ ಬಿದ್ದದ್ದು ಬೇಕಾದವರಿಗೆ ಮುಟ್ಟಬೇಕು. ಅದು ಖರೆ ಕಾಣಿಕಿ!”

“ಮಂದಿ ಹೊಸಾದು ಕೊಳ್ಳೂದು ಬಿಟ್ರ ನೀವು ಹೆಸರು ಎಲ್ಲಿ ಕೊರೀತೀರಿ? ನನ್ನ ಹಣಿ ಮ್ಯಾಲ?”

ಬುಡ್ಡೇಸಾಬ ಆಗಲೇ ಹೊರಗೆ ನಡೆದಿದ್ದ. ಏಣಿ ತಂದು ಅಟ್ಟ ಹತ್ತಿದ.

ಮೂರು ದಿನ ಅಟ್ಟ ಇಳಿಯಿತು. ದೂಳು ಇಳಿಯಿತು, ಇಲಿಗಳು ಇಳಿದವು, ಸಾಮಾನು ಇಳಿಯಿತು. ಗಾಜು ಗಟ್ಟಿಯಾಗಿದ್ದ ಕಂದೀಲು, ನಾಗಾವಿ ಕಡೆ ಹೊಲವಿದ್ದ ಹುಚ್ಚೀರಪ್ಪನಿಗೆ ಹೋಯಿತು. ಕಡ್ಡಿ ಮುರಿದ ಎರಡು ಛತ್ರಿಗಳು ರಿಪೇರಿಯ ಮಾಶಾಕನ ಕೈ ಸೇರಿ, ಒಂದು ಇಡೀ ಛತ್ರಿಯಾಗಿ ಎದ್ದು ಬಂದವು. ಹಳೆಯ ಸೀರೆ, ಅಂಗಿ, ಲಂಗಗಳ ಗಂಟನ್ನು ಬುಡ್ಡೇಸಾಬ ಕೌದಿ ಹೊಲಿಯುವ ಗದಿಗೆವ್ವನ ಮನೆಗೆ ತಾನೇ ಹೊತ್ತು ಹಾಕಿ ಬಂದ. ಆ ಗಂಟಿನಲ್ಲಿ ಹಗ್ಗದ ಮೇಲೆ ಒಣಹಾಕಿದ್ದ ಅಲ್ಮಾಸಬಿಯ ಹಸಿರು ಸೀರೆಯೂ ಸೇರಿತ್ತೆಂಬುದು ಸಂಜೆ ಗೊತ್ತಾಯಿತು. ಆಕೆ ಓಡಿ ಹೋಗುವಷ್ಟರಲ್ಲಿ ಗದಿಗೆವ್ವ ಅದಕ್ಕೆ ಕತ್ತರಿ ಹಾಕಿಯಾಗಿತ್ತು!

“ಎವ್ವಾ, ಇಂಥಾ ಗಟ್ಟಿ ಸೀರಿ ಕೊಡೂವಷ್ಟು ದೊಡ್ಡ ಮನಸ್ಸು ನಿನ್ನ ಗಂಡಗ!” ಎಂದಳು ಗದಿಗೆವ್ವ.

ಅಲ್ಮಾಸಬಿ ತುಟಿ ಕಚ್ಚಿಕೊಂಡು, ಗದಿಗೆವ್ವನ ಕಿವಿಯಲ್ಲಿ ಏನೋ ಹೇಳಿ ಬಂದಳು. ಗಂಡನಿಗೆ ಹೇಳಲಿಲ್ಲ.

ಓಣಿಯಲ್ಲಿ ಬುಡ್ಡೇಸಾಬನ ಹೆಸರು ಹಬ್ಬಿತು. “ಬುಡ್ಡಣ್ಣ, ನಿನ್ನ ಕಂದೀಲು ಹಿಡಕೊಂಡ ಮ್ಯಾಲ ರಾತ್ರಿ ನನ್ನ ಹೊಲಕ್ಕ ಬಿಟ್ಟ ನೀರು ದಾರಿ ತಪ್ಪಿಲ್ಲ ನೋಡು” ಎಂದ ಹುಚ್ಚೀರಪ್ಪ. ಬುಡ್ಡೇಸಾಬನ ಎದೆ ಎರಡು ಇಂಚು ಅಗಲವಾಯಿತು. ಅಂಗಿಯ ಗುಂಡಿಗಳು ಗಾಬರಿಯಾದವು!

ಕಡೆಯ ದಿನ ಅಟ್ಟದ ಮೂಲೆಯಿಂದ ಅದು ಇಳಿಯಿತು. ಹಿತ್ತಾಳೆಯ ಪರಾತ! ಹತ್ತು ಮಂದಿಯ ರೊಟ್ಟಿಗಾಗುವಷ್ಟು ಹಿಟ್ಟು ನಾದಬಹುದಾದ ಅಗಲವಾದ ತಟ್ಟೆ. ಮೇಲೆಲ್ಲ ದೂಳು, ತಳಕ್ಕೆ ಒಲೆಯ ಹೊಗೆಯ ಮಸಿ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಒಳಗಿನಿಂದ ಹೊನ್ನಿನ ಬಣ್ಣ ಹೊರಟಿತು.

“ಸಿಕ್ತು! ಬೀಗರ ಕಾಣಿಕಿ ಸಿಕ್ತು!” ಬುಡ್ಡೇಸಾಬ ಕುಣಿಯುವುದೊಂದು ಬಾಕಿ.

ಅಲ್ಮಾಸಬಿ ಪರಾತವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. “ಇದು ನಮ್ಮದಲ್ಲ ಅನಸ್ತತಿ ನೋಡ್ರಿ. ನಾ ಇದನ್ನ ಯಾವತ್ತೂ ತೊಳದಿಲ್ಲ.”

“ನಮ್ಮ ಅಟ್ಟದ ಮ್ಯಾಲ ಕುಂತದ್ದು ನಮ್ಮದಲ್ಲೇನು?”

“ನಮ್ಮ ಅಟ್ಟದ ಮ್ಯಾಲ ಸುಮಿತ್ರವ್ವನ ಬೆಕ್ಕೂ ಕುಂಡ್ರತೈತಿ. ಹಿಂದ ಏನೋ ಬರದೈತಲ್ಲ, ಯಾರ ಹೆಸರು ಅಂತ ಮೊದಲ ಓದ್ರಿ.”

ತಳದಲ್ಲಿ ಯಾರೋ ಮೊಳೆಯಿಂದ ಕೆರೆದ ಮೂರು ಅಕ್ಷರಗಳಿದ್ದವು. ಬುಡ್ಡೇಸಾಬ ಅವನ್ನು ನೋಡಿದ್ದೇ ತಡ, ಅವನೊಳಗಿನ ಕುಶಲಕರ್ಮಿ ಸಿಡಿದೆದ್ದ. “ಓದಾಕ ಇದು ಅಕ್ಷರ ಆಗಿರಬೇಕಲ್ಲ! ಕಾಗಿ ಕಾಲು ಗುಬ್ಬಿ ಕಾಲು! ಯಾಂವ ಅಂವ, ಹಿತ್ತಾಳಿಗೆ ಹಿಂಗ ಗಾಯ ಮಾಡಿದಾಂವ?” ಸಿಟ್ಟು ಬಂದ ಕಸುಬುದಾರ ಓದುವುದಿಲ್ಲ, ತಿದ್ದುತ್ತಾನೆ. ಎರಡು ದಿನ ಕುಳಿತು ಆ ಮೂರು ಅಕ್ಷರಗಳ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿಸಿದ. ಎಲೆ, ಮೊಗ್ಗು, ಹೂವು! ಆಮೇಲೆ ಅಂಚಿನ ಹೊರಮೈಯಲ್ಲಿ, ಅರ್ಧ ಸುತ್ತು ಬರುವಂತೆ, ತನ್ನ ಜೀವಮಾನದ ಅತಿ ದುಂಡನೆಯ ಅಕ್ಷರಗಳಲ್ಲಿ ಕೊರೆದ:

“ಗದಗಿನ ಬುಡ್ಡೇಸಾಬ ಇವರಿಂದ ಬೀಗರಿಗೆ ಪ್ರೀತಿಯ ಕಾಣಿಕೆ.”

ಈದಿನ ಮರುದಿನ ಗಂಡಹೆಂಡತಿ ಲಕ್ಷ್ಮೇಶ್ವರದ ಬಸ್ಸು ಹತ್ತಿದರು. ಪರಾತದ ಮೇಲೆ ಬಟ್ಟೆ ಹೊದಿಸಿತ್ತು. ಅಲ್ಮಾಸಬಿಯ ತೊಡೆಯ ಮೇಲೆ ಬೇರೆ ಒಂದು ಗಂಟು ಇತ್ತು. ಅದೇನೆಂದು ಕೇಳಲು ಬುಡ್ಡೇಸಾಬನಿಗೆ ಪುರುಸೊತ್ತಿರಲಿಲ್ಲ. ಶಿರಹಟ್ಟಿ ದಾಟುವಷ್ಟರಲ್ಲಿ ಅಕ್ಕಪಕ್ಕದ ನಾಲ್ಕು ಸೀಟಿನವರಿಗೆ ಬಟ್ಟೆ ಸರಿಸಿ ಅಂಚಿನ ಅಕ್ಷರ ತೋರಿಸಿಯಾಗಿತ್ತು.

ಮಗಳು ಬರೆದದ್ದು ಸುಳ್ಳಾಗಿರಲಿಲ್ಲ. ಕರೀಮಸಾಬರ ಪಡಸಾಲೆಯಲ್ಲಿ ಓಣಿಯ ಹೆಂಗಸರು ಆಗಲೇ ಜಾಗ ಹಿಡಿದು ಕುಳಿತಿದ್ದರು. ಬೀಗತಿ ದಿಲಶಾದಬಿ ಹಾಲು-ಶ್ಯಾವಿಗೆಯ ಸುರಕುಂಬಾ ತಂದು ಕೊಟ್ಟರು. ಜನ್ನತಬಿ ಬಾಗಿಲ ಮರೆಯಲ್ಲಿ ಸೆರಗು ಹಿಡಿದು ನಿಂತಳು. ಬುಡ್ಡೇಸಾಬ ಗಂಟಲು ಸರಿಮಾಡಿಕೊಂಡು ಬಟ್ಟೆ ಎಳೆದ. ಪರಾತ ಥಳಥಳ ಹೊಳೆಯಿತು. “ಅಬಬಬ!” ಎಂದಿತು ಓಣಿ.

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

“ಇದು ಅಂಗಡ್ಯಾಗ ಸಿಗೂ ಮಾಲಲ್ಲ ಬೀಗರ. ಈಗಿನ ಸ್ಟೀಲಿನಂಗ ಹೊಳದು ಹೋಗೂದಲ್ಲ. ನಮ್ಮ ಮನೆತನದ್ದು! ನಮ್ಮ ಅಜ್ಜಿ ಮೋತಿಬಿ ಇದರಾಗ ಹಿಟ್ಟು ನಾದಿ ನಾದಿ ನಮ್ಮನ್ನೆಲ್ಲಾ ಬೆಳಸ್ಯಾಳ!”

ಅಲ್ಮಾಸಬಿ ಗಂಡನ ಮುಖವನ್ನು ಹೊಸದಾಗಿ ನೋಡಿದಳು. ಮೋತಿಬಿ ಅಜ್ಜಿಯ ಮನೆಯಲ್ಲಿ ಹಿಟ್ಟು ನಾದಲು ಇದ್ದದ್ದು ಒಂದು ಕಟ್ಟಿಗೆಯ ಕೊಣಮಿಗೆ ಎಂದು ಮದುವೆಯಾದಾಗಿನಿಂದ ಕೇಳಿದ್ದಳು.

“ಹಿಂದ ಯಾಂವೋ ಕೈ ಬಾರದಾಂವ ಮೊಳಿಲೆ ಕೆರದು ಕೆಡಿಸಿದ್ದ. ನಾ ಅದನ್ನೆಲ್ಲಾ ಮುಚ್ಚಿ ಬಳ್ಳಿ ಬರದೀನಿ, ನೋಡ್ರಿ!”

ಕರೀಮಸಾಬರು ಪರಾತವನ್ನು ತಿರುಗಿಸಿ ನೋಡಿದರು. ನೋಡಿ ಹೆಂಡತಿಯ ಕೈಗೆ ಕೊಟ್ಟರು. ದಿಲಶಾದಬಿಗೆ ಓದು ಬಾರದು. ಆಕೆಯ ಬೆರಳು ಅಂಚಿನ ಗುಂಟ ಮೆಲ್ಲಗೆ ಹೋಗಿ, ಒಂದು ಸಣ್ಣ ತಗ್ಗಿನ ಹತ್ತಿರ ನಿಂತಿತು.

“ಜನ್ನತ, ಒಳಗ ದೊಡ್ಡ ಪರಾತ ಐತೆಲ್ಲವಾ, ಅದನ್ನ ತಗೊಂಡು ಬಾ.”

ಜನ್ನತಬಿ ತಂದಳು. ಅದೇ ಅಳತೆ, ಅದೇ ಅಂಚು. ಎರಡನ್ನೂ ಬೋರಲು ಹಾಕಿದರು. ಒಂದರ ತಳದಲ್ಲಿ ಮಲ್ಲಿಗೆ ಬಳ್ಳಿ. ಇನ್ನೊಂದರ ತಳದಲ್ಲಿ ಮೂರು ಅಕ್ಷರ; ಕಾಗೆ ಕಾಲು, ಗುಬ್ಬಿ ಕಾಲು!

“ಆ ಕೈ ಬಾರದಾಂವ ನಾನ ರೀ ಬೀಗರ” ಎಂದರು ಕರೀಮಸಾಬರು, ಬಹಳ ಮರ್ಯಾದೆಯಿಂದ. “ಈ ಜೋಡಿ ತಗೊಂಡಾಗ ಮೊಳಿಲೆ ನನ್ನ ಹೆಸರು ನಾನ ಬರದಿದ್ದೆ.”

ಬುಡ್ಡೇಸಾಬನಿಗೆ ಆಗ ನೆನಪಾಯಿತು. ಎಲ್ಲವೂ ಒಟ್ಟಿಗೇ ನೆನಪಾಯಿತು! ಮದುವೆಯ ಮೂರನೆಯ ದಿನ ಬೀಗರ ಮನೆಯಿಂದ ಇದೇ ಪರಾತದ ತುಂಬ ಗೋದಿ-ಬೆಲ್ಲದ ಸಿಹಿ ಮಾದಲಿ ಬಂದಿತ್ತು. ಅಲ್ಮಾಸಬಿ ಮದುವೆಯ ದಣಿವಿಗೆ ಜ್ವರ ಬಂದು ಮಲಗಿದ್ದಳು. ಮಾದಲಿಯನ್ನು ಓಣಿಗೆ ಹಂಚಿ, ಪರಾತ ತೊಳೆದು, ‘ಬೀಗರ ಭಾಂಡೆ ಖಾಲಿ ಕಳಿಸಬಾರದು, ಏನಾದರೂ ತುಂಬಿಸಿಯೇ ಕಳಿಸೋಣ’ ಎಂದು ಜೋಪಾನವಾಗಿ ಅಟ್ಟಕ್ಕೆ ಏರಿಸಿದವನು ಸ್ವತಃ ಅವನೇ. ಅದು ಅಟ್ಟ ಏರಿತು, ಅವನ ತಲೆಯಿಂದ ಇಳಿಯಿತು.

“ಹಂಗಾದರ ಬೀಗರ,” ದಿಲಶಾದಬಿ ಗಲ್ಲಕ್ಕೆ ಕೈಯಿಟ್ಟು ಕೇಳಿದರು, “ನಿಮ್ಮ ಮೋತಿಬಿ ಅಜ್ಜಿ ಹಿಟ್ಟು ನಾದಾಕ ದಿನಾ ಗದಗಿನಿಂದ ನಮ್ಮ ಮನಿತನಕ ಬರತಿದ್ಲೇನು?”

ಓಣಿಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬುಡ್ಡೇಸಾಬನ ಕಣ್ಣು ಮಗಳ ಕಡೆ ಹೋಯಿತು. ಆಕೆಯ ಮುಖ ಸಣ್ಣದಾಗಿತ್ತು, ಕಣ್ಣಲ್ಲಿ ನೀರು ಇನ್ನೇನು ಇಳಿಯಬೇಕು. ನೆಲ ಬಾಯಿಬಿಟ್ಟರೆ ಪರಾತದ ಸಮೇತ ಇಳಿದುಬಿಡುತ್ತಿದ್ದ.

“ತಪ್ಪಾತು ಅಕ್ಕಾರ. ಅದು ನನ್ನ ತಪ್ಪು. ಹುಡುಗೀದೇನೂ ಇಲ್ಲ.”

ಆಗ ಅಲ್ಮಾಸಬಿ ಏನೂ ಆಗಿಲ್ಲವೆಂಬಂತೆ ತನ್ನ ಗಂಟು ಬಿಚ್ಚಿದಳು. ಒಳಗಿದ್ದದ್ದು ಕೌದಿ. ಗದಿಗೆವ್ವನ ಕೈಯ ಸಣ್ಣ ಹೊಲಿಗೆ. ಬುಡ್ಡೇಸಾಬನ ಪಟ್ಟೆ ಅಂಗಿ, ಜನ್ನತಬಿಯ ಸಾಲೆಯ ನೀಲಿ ಲಂಗ, ಹಬ್ಬದ ಕೆಂಪು ಫ್ರಾಕು, ನಟ್ಟನಡುವೆ ಅಲ್ಮಾಸಬಿಯ ಹಸಿರು ಸೀರೆಯ ಅಂಚು. ಜನ್ನತಬಿ ಮುಂದೆ ಬಂದು ನೀಲಿ ತುಂಡಿನ ಮೇಲೆ ಕೈಯಿಟ್ಟು, “ಅಮ್ಮಾ, ಇದು ನನ್ನ ನಾಕನೇ ಇಯತ್ತೇದ ಲಂಗ!” ಎಂದು ಅತ್ತೂ ನಕ್ಕೂ ಮಾಡಿದಳು.

ದಿಲಶಾದಬಿ ಕೌದಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ನಮ್ಮ ಓಣ್ಯಾಗ ಯಾರ ತವರಿನಿಂದನೂ ಇಂಥಾದ್ದು ಬಂದಿಲ್ಲ. ಪರಾತದ ಮಾತು ಐದು ತಿಂಗಳ ನಾ ಯಾಕ ಎತ್ತಲಿಲ್ಲ ಹೇಳ್ರಿ? ಸೊಸಿ ಮನಸ್ಸು ನೊಂದೀತು ಅಂತ.” ಆಮೇಲೆ ಬೀಗರ ಕಡೆ ತಿರುಗಿದರು. “ಉಳಿ ತಂದೀರೇನು?”

ಉಳಿ ಬುಡ್ಡೇಸಾಬನ ಕಿಸೆಯಲ್ಲಿ ಯಾವಾಗಲೂ ಇರುತ್ತಿತ್ತು.

“ಅಂಚಿನ ಅರ್ಧ ಖಾಲಿ ಐತಿ. ನಾ ಹೇಳಿದ್ದು ಬರೀರಿ.”

“ಮೊದಲ ಬರದದ್ದನ್ನ ಅಳಸ್ರಿ” ಎಂದಳು ಅಲ್ಮಾಸಬಿ ಮೆಲ್ಲಗೆ.

“ಅದು ಅಳಿಸಂಗಿಲ್ಲ” ಎಂದ ಬುಡ್ಡೇಸಾಬ. ಬದುಕಿನಲ್ಲಿ ಮೊದಲ ಬಾರಿಗೆ ಆ ಮಾತು ಅಷ್ಟು ಸಣ್ಣ ದನಿಯಲ್ಲಿ ಹೊರಟಿತು.

ಅಂಗಳದಲ್ಲಿ ಕುಳಿತು ಕೊರೆದ. ದಿಲಶಾದಬಿ ಹೇಳುತ್ತ ಹೋದರು, ಓಣಿ ಸುತ್ತ ನಿಂತು ನೋಡಿತು. ಕೊರೆಯುತ್ತ ಕೊರೆಯುತ್ತ ಅವನ ಕೈಗೆ ಹಳೆಯ ಗತ್ತು ಬಂತು. ಕೆಲಸ ಮುಗಿದಾಗ ಕರೀಮಸಾಬರು, “ಅಕ್ಷರ ಅಂದ್ರ ಇವು!” ಎಂದರು. ಬುಡ್ಡೇಸಾಬನ ಬೆನ್ನು ಮತ್ತೆ ನೆಟ್ಟಗಾಯಿತು. ಹೊರಡುವಾಗ ದಿಲಶಾದಬಿ ಅದೇ ಪರಾತದ ತುಂಬ ಮಾದಲಿ ಹಾಕಿ, ಬಟ್ಟೆ ಮುಚ್ಚಿ, ಅವನ ಕೈಗೇ ಕೊಟ್ಟರು. ಬೀಗರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಮನೆಯಲ್ಲೂ ಇರಲಿಲ್ಲ!

ಬಸ್ಸಿನಲ್ಲಿ ಪರಾತ ತೊಡೆಯ ಮೇಲೆ ಕುಳಿತಿತು. ಅಲ್ಮಾಸಬಿ ಕೇಳಿದಳು: “ಅಷ್ಟೊತ್ತು ಬರದ್ರೆಲ್ಲಾ, ಪೂರಾ ಓದಿ ಹೇಳ್ರಿ.”

“ಓದೂದೇನೈತಿ? ಅಕ್ಷರದ ದುಂಡು ನೋಡು!”

ಅಷ್ಟರಲ್ಲಿ ಟಿಕೆಟ್ ಕೊಡಲು ಬಂದ ಕಂಡಕ್ಟರ್ ಬಗ್ಗಿ, ಅಂಚಿನ ಗುಂಟ ತಲೆ ತಿರುಗಿಸುತ್ತ, ಇಡೀ ಬಸ್ಸಿಗೆ ಕೇಳುವಂತೆ ಓದತೊಡಗಿದ: “ಗದಗಿನ ಬುಡ್ಡೇಸಾಬ ಇವರಿಂದ ಬೀಗರಿಗೆ ಪ್ರೀತಿಯ ಕಾಣಿಕೆ. ಇದು ಮೊದಲಿನಿಂದಲೂ ಬೀಗರದೇ. ಗದಗಿಗೆ ಹೋದರೆ ಖಾಲಿಯಾದ ಕೂಡಲೇ ವಾಪಸ್ ಕಳಿಸಬೇಕು.”

ಬಸ್ಸು ಗಾಲಿ ಸಮೇತ ನಕ್ಕಿತು. ಅಲ್ಮಾಸಬಿ ನಗು ತಡೆಯಲಾಗದೆ ಮಾದಲಿಯ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡಳು.

ಬುಡ್ಡೇಸಾಬ ಮಾತ್ರ ಸೆಟೆದು ಕುಳಿತೇ ಇದ್ದ. “ಅದಿರಲಿ ಕಂಡಕ್ಟರ್ ಸಾಹೇಬ್ರ, ಅಕ್ಷರ ಹೆಂಗದಾವು, ಅದನ್ನ ಹೇಳ್ರಿ.”

“ಅಕ್ಷರಕ್ಕ ಹೆಸರಿಡೂವಂಗಿಲ್ಲರಿ!” ಎಂದ ಕಂಡಕ್ಟರ್, ಟಿಕೆಟ್ ಹರಿಯುತ್ತ. “ಈಗ ನೋಡ್ರಿ, ಹಿಂದಿನ ಸೀಟಿನ್ಯಾಗ ಕುಂತವರೂ ಎದ್ದು ನಿಂತು ಓದಾಕತ್ತಾರ.”